ಹವಳದ ತೊಟ್ಟಿಗೆ ಸೊನ್ನೆ ಬೇಡ, ಲೆಕ್ಕ ಬೇಕು

ತಮ್ಮಾ,

ಇಚಲಕರಂಜಿಯ ಮನೆಯಲ್ಲಿ ನೀನು ಕಟ್ಟಿಕೊಂಡಿರುವ ಉಪ್ಪುನೀರಿನ ಅಕ್ವೇರಿಯಂ ನೋಡಿ ಸಂತೋಷವಾಯಿತು. 200 ಲೀಟರ್ ನೀರು, ಒಂದು ಜೋಡಿ ಕ್ಲೌನ್ ಮೀನು, ಕಲ್ಲಿನ ಮೇಲೆ ನಾಲ್ಕಾರು ಮೆದು ಹವಳ. ಕಲ್ಲಿನ ಸಂದಿಯಿಂದ ಎದ್ದು ನೀರಿನಲ್ಲಿ ತೂಗಾಡುತ್ತಿದ್ದ ಹಸಿರು ಎಳೆಪಾಚಿಯೂ ಕಣ್ಣಿಗೆ ಬಿತ್ತು. ನೈಟ್ರೇಟ್ 40 ಪಿಪಿಎಂ, ಫಾಸ್ಫೇಟ್ 0.3 ತೋರಿಸುತ್ತಿದೆ, ಎರಡನ್ನೂ ಸೊನ್ನೆಗೆ ಇಳಿಸಲು ಕೊಲ್ಹಾಪುರದ ಅಂಗಡಿಯಿಂದ ಯಾವ ಬಾಟಲಿ ತರಲಿ ಎಂದು ಕೇಳಿದ್ದೀಯ. ಬಾಟಲಿಗೆ ದುಡ್ಡು ಹಾಕುವ ಮುಂಚೆ ನನ್ನ ಮಾತು ಕೇಳು. ಸೊನ್ನೆಯ ಬೆನ್ನು ಹತ್ತಬೇಡ. ಒಳಗೆ ಬಂದಷ್ಟು ಹೊರಗೆ ಹೋಗುವಂತೆ ನೋಡಿಕೊ, ಅದನ್ನೂ ನಿಧಾನವಾಗಿ ಮಾಡು. ನಾನು ಹೇಳಬೇಕಾದದ್ದು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರದೇ ವಿವರ.

ಈ ನೈಟ್ರೇಟು, ಫಾಸ್ಫೇಟು ಬಹುಪಾಲು ನಿನ್ನ ಕೈಯಿಂದಲೇ ನೀರಿಗೆ ಇಳಿದಿವೆ. ಮೀನಿಗೆ ಹಾಕುವ ಒಣ ಕಾಳಿನಲ್ಲಿ ಸುಮಾರು ಶೇ. 45 ಪ್ರೋಟೀನ್, ಆ ಪ್ರೋಟೀನಿನಲ್ಲಿ ಶೇ. 16 ಸಾರಜನಕ ಇರುತ್ತದೆ. ಮೀನು ತಿಂದು ಹೊರಹಾಕಿದ್ದೂ ತಿನ್ನದೆ ಬಿಟ್ಟದ್ದೂ ಕೊಳೆತು ಅಮೋನಿಯಾ ಆಗುತ್ತದೆ. ಕಲ್ಲಿನಲ್ಲಿ, ಮರಳಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ವಿಷದ ಭಾಗ ಕಳೆಯಿತು, ಸಾರಜನಕ ಮಾತ್ರ ನೀರಲ್ಲೇ ಉಳಿಯಿತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡು. 10 ಗ್ರಾಂ ಕಾಳಿನಲ್ಲಿ 0.72 ಗ್ರಾಂ ಸಾರಜನಕ. ಅದಷ್ಟೂ ನೈಟ್ರೇಟ್ ಆದರೆ 3.2 ಗ್ರಾಂ. ನಿನ್ನ 200 ಲೀಟರಿಗೆ ಹಂಚಿದರೆ 16 ಪಿಪಿಎಂ. ಅದೇ ಕಾಳಿನಲ್ಲಿ ಶೇ. 1ರಷ್ಟು ರಂಜಕ ಇದೆ ಎಂದು ಹಿಡಿದರೂ ಫಾಸ್ಫೇಟ್ 1.5 ಪಿಪಿಎಂ ಏರಬೇಕು. ಆದರೆ ಅಷ್ಟೂ ನೀರಿನಲ್ಲಿ ಉಳಿಯುವುದಿಲ್ಲ, ಮೀನಿನ ಮೈಗೆ ಒಂದು ಪಾಲು ಹತ್ತುತ್ತದೆ. ಕಲ್ಲಿನೊಳಗೆ ಆಮ್ಲಜನಕ ಸುಳಿಯದ ಸಂದಿಗಳಲ್ಲಿ ಬೇರೆ ಬ್ಯಾಕ್ಟೀರಿಯಾ ಇನ್ನೊಂದು ಪಾಲು ನೈಟ್ರೇಟನ್ನು ಸಾರಜನಕ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ರಂಜಕಕ್ಕೆ ಹಾಗೆ ಹಾರಿಹೋಗುವ ದಾರಿಯೇ ಇಲ್ಲ. ನೀನು ತೆಗೆದರೆ ಹೋಯಿತು, ಇಲ್ಲದಿದ್ದರೆ ಕಲ್ಲಿಗೂ ಮರಳಿಗೂ ಅಂಟಿಕೊಂಡು ಕೂತಿತು.

ನಮ್ಮ ಸೀಮೆಯವರಿಗೆ ಇದು ಹೊಸ ಪಾಠವಲ್ಲ. ಕೊಲ್ಹಾಪುರದ ರಂಕಾಳಾ ಕೆರೆ ಬಣ್ಣ ಕಲಸಿಟ್ಟಂತೆ ಹಸಿರಾಗಿದ್ದನ್ನು ಊರೆಲ್ಲ ನೋಡಿದೆ. ಪಂಚಗಂಗಾ ನದಿಯ ಮೇಲೆ ಅಂತರಗಂಗೆ ಕಳೆ ಹಾಸಿಕೊಂಡು ನೀರೇ ಕಾಣದಂತಾದದ್ದನ್ನು ನೀನೂ ಸೇತುವೆ ದಾಟುವಾಗ ನೋಡಿದ್ದೀಯ. ಹರಿದು ಬರುವ ಕೊಳಚೆಯಲ್ಲಿನ ಸಾರಜನಕ, ರಂಜಕವೇ ಅವಕ್ಕೆ ಗೊಬ್ಬರ. ಅಂತರಗಂಗೆಯನ್ನು ಯಂತ್ರ ಹಾಕಿ ಎಷ್ಟು ಸಲ ಎತ್ತಿದರೂ ಗೊಬ್ಬರ ಬರುವುದು ನಿಲ್ಲದೆ ಅದು ತೀರುವುದಿಲ್ಲ. ನಿನ್ನ ಟ್ಯಾಂಕಿನ ಎಳೆಪಾಚಿಯ ಕಥೆಯೂ ಅದೇ. ಕೈಯಿಂದ ಕಿತ್ತು ತೆಗೆ, ಅದು ಬೇಕು. ಕಿತ್ತ ಪಾಚಿಯ ಜೊತೆ ಅದು ಹೀರಿಕೊಂಡ ಫಾಸ್ಫೇಟೂ ಹೊರಗೆ ಹೋಗುತ್ತದೆ. ಒಳಗೆ ಬರುವುದನ್ನು ಕಡಿಮೆ ಮಾಡದಿದ್ದರೆ ಮಾತ್ರ ಮುಂದಿನ ವಾರ ಮತ್ತೆ ಅಷ್ಟೇ ಎದ್ದಿರುತ್ತದೆ.

ಹಾಗಾದರೆ ಸೊನ್ನೆ ಯಾಕೆ ಬೇಡ? ನಿಜವಾದ ಹವಳ ದಿಬ್ಬದ ನೀರಿನಲ್ಲಿ ಎರಡೂ ತೀರಾ ಕಡಿಮೆ, ಅದು ಸರಿ. ಆದರೆ ಅಲ್ಲಿ ಅಲೆ ಹಗಲೂ ರಾತ್ರಿ ಸಣ್ಣ ಜೀವಿಗಳನ್ನು ಹೊತ್ತು ತಂದು ಹವಳದ ಬಾಯಿಗೆ ಹಾಕುತ್ತಿರುತ್ತದೆ. ನಿನ್ನ ಟ್ಯಾಂಕಿನಲ್ಲಿ ಆ ಊಟ ಇಲ್ಲ. ಹವಳದ ಮೈಯೊಳಗೆ ವಾಸಿಸಿ ಬೆಳಕಿನಿಂದ ಅದಕ್ಕೆ ಆಹಾರ ಮಾಡಿಕೊಡುವ ಸೂಕ್ಷ್ಮ ಪಾಚಿಗೂ ಸಾರಜನಕ, ರಂಜಕ ಬೇಕು. ಎರಡೂ ಸೊನ್ನೆಯಾದರೆ ಹವಳ ಬಿಳಚಿಕೊಳ್ಳುತ್ತದೆ, ಸೊರಗುತ್ತದೆ. ಅದಕ್ಕಿಂತ ದೊಡ್ಡ ಪೀಡೆ ಡೈನೋಫ್ಲಾಜೆಲೇಟ್. ಕಂದು ಬಣ್ಣದ ಲೋಳೆ ಮರಳಿನ ಮೇಲೆ ಹಾಸಿ, ಅದರಲ್ಲಿ ಗುಳ್ಳೆ ತುಂಬಿಕೊಳ್ಳುತ್ತದೆ. ಬೇರೆಯವಕ್ಕೆ ಉಣ್ಣಲು ಏನೂ ಇಲ್ಲದ ನೀರಿನಲ್ಲೇ ಅದು ಹೆಚ್ಚಾಗಿ ತಲೆ ಎತ್ತುತ್ತದೆ. ಎಳೆಪಾಚಿಯನ್ನಾದರೂ ಕಿತ್ತು ಹಾಕಬಹುದು, ಇದನ್ನು ತೊಲಗಿಸಲು ತಿಂಗಳುಗಟ್ಟಲೆ ಒದ್ದಾಡಬೇಕು.

ಅತಿಯಾದರೂ ಕೇಡೇ. ಫಾಸ್ಫೇಟ್ ಹೆಚ್ಚಾದರೆ ಗಟ್ಟಿ ಹವಳಗಳು ಸುಣ್ಣದ ಎಲುಬು ಕಟ್ಟುವುದು ಕುಂಠಿತವಾಗುತ್ತದೆ. ಒಳಗಿನ ಸೂಕ್ಷ್ಮ ಪಾಚಿ ಮಿತಿಮೀರಿ ಬೆಳೆದು ಹವಳದ ಬಣ್ಣ ಕಂದಾಗುತ್ತದೆ. ನಿನ್ನದರಂಥ ಮೆದು ಹವಳದ ಟ್ಯಾಂಕಿಗೆ ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.05ರಿಂದ 0.1 ಇದ್ದರೆ ನೆಮ್ಮದಿ. ಎರಡರ ನಡುವಿನ ಹೊಂದಾಣಿಕೆಯನ್ನೂ ಗಮನಿಸು. ಅಮೆರಿಕದ ಸಾಗರ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1930ರ ದಶಕದಲ್ಲಿ ಸಮುದ್ರದ ಸೂಕ್ಷ್ಮ ಜೀವಿಗಳಲ್ಲೂ ನೀರಿನಲ್ಲೂ ಸಾರಜನಕ, ರಂಜಕ ಒಂದೇ ಪ್ರಮಾಣದಲ್ಲಿ ಇರುವುದನ್ನು ಕಂಡರು. ಒಂದು ರಂಜಕದ ಪರಮಾಣುವಿಗೆ 16 ಸಾರಜನಕದ ಪರಮಾಣು. ನಾವು ಅಳೆಯುವ ಪಿಪಿಎಂಗೆ ತಿರುಗಿಸಿದರೆ ಸುಮಾರು 10 ಪಾಲು ನೈಟ್ರೇಟಿಗೆ 1 ಪಾಲು ಫಾಸ್ಫೇಟ್. ನಮ್ಮ ಟ್ಯಾಂಕು ಆ ಅಂಕಿಗೆ ಸರಿಯಾಗಿ ಕೂರಬೇಕಿಲ್ಲ. ಒಂದು ಪೂರ್ತಿ ಖಾಲಿಯಾದರೆ ಇನ್ನೊಂದು ಇಳಿಯದೆ ನಿಲ್ಲುತ್ತದೆ, ಇದಿಷ್ಟು ನೆನಪಿದ್ದರೆ ಸಾಕು.

ಅಳತೆಯಲ್ಲೇ ಎಡವಿದರೆ ಮುಂದಿನದೆಲ್ಲ ತಪ್ಪು. ಕೆಲವು ಕಿಟ್‌ಗಳು ನೈಟ್ರೇಟ್ ಎಂದು ತೋರಿಸುವುದು ಬರೀ ಸಾರಜನಕವನ್ನು. ಹಾಗಿದ್ದರೆ ಬಂದ ಅಂಕಿಯನ್ನು 4.4ರಿಂದ ಗುಣಿಸಬೇಕು. ಹಾನ್ನಾ ಮೀಟರು ರಂಜಕವನ್ನು ಪಿಪಿಬಿಯಲ್ಲಿ ತೋರಿಸಿದರೆ 3.066ರಿಂದ ಗುಣಿಸಿ ಸಾವಿರದಿಂದ ಭಾಗಿಸು, ಆಗ ಫಾಸ್ಫೇಟ್ ಪಿಪಿಎಂ ಸಿಗುತ್ತದೆ. ಸ್ಯಾಲಿಫರ್ಟ್ ನೈಟ್ರೇಟ್ ಕಿಟ್ಟಿನಲ್ಲಿ ಬಣ್ಣ ತೀರ ತಿಳಿಯಾಗಿದ್ದರೆ ಬಾಟಲಿಯ ಪಕ್ಕದಿಂದ ನೋಡಿ, ಬಂದದ್ದನ್ನು 10ರಿಂದ ಭಾಗಿಸುತ್ತಾರೆ. ಇನ್ನೊಂದು ಮಾತು. ಹೊಸ ಟ್ಯಾಂಕಿನಲ್ಲಿ ನೈಟ್ರೈಟ್ ಇನ್ನೂ ಉಳಿದಿದ್ದರೆ ನೈಟ್ರೇಟ್ ಕಿಟ್ಟು ಇಲ್ಲದ ಅಂಕಿ ತೋರಿಸುತ್ತದೆ. ನಿನ್ನ 40 ನಿಜವಾದ 40 ಹೌದೋ ಅಲ್ಲವೋ ಎಂದು ಮೊದಲು ನೈಟ್ರೈಟ್ ಅಳೆದು ಖಾತ್ರಿ ಮಾಡಿಕೊ.

ಆಮೇಲೆ ನೀರು. ಮನೆಯ ಆರ್‌ಓ ಯಂತ್ರದ ನೀರು ಕುಡಿಯಲು ಚೆನ್ನ, ಈ ಟ್ಯಾಂಕಿಗೆ ಸಾಲದು. ರುಚಿಗೆಂದು ಅದರಲ್ಲಿ ಒಂದಿಷ್ಟು ನಲ್ಲಿ ನೀರನ್ನೇ ಬೆರೆಸುವ ತಿರುಪು ಇರುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡು, 40, 50 ಎಂದು ತೋರಿಸಿದರೆ ಅದರಲ್ಲಿ ಏನೇನು ಇದೆಯೋ ಹೇಳಲಾಗದು. ಆರ್‌ಓ ಆದಮೇಲೆ ಉಳಿದ ಲವಣ ಹಿಡಿಯುವ ಡಿಐ ರಾಳದ ಒಂದು ಕೊಳವೆ ಜೋಡಿಸಿ, ಮೀಟರು 0 ತೋರಿಸಿದ ನೀರಿಗೆ ಮಾತ್ರ ಉಪ್ಪು ಬೆರೆಸು. ಸೊನ್ನೆ ಬೇಕಾದದ್ದು ಇಲ್ಲಿ. ಆವಿಯಾಗಿ ಹೋದ ನೀರನ್ನು ತುಂಬಿಸಲೂ ಇದೇ ನೀರು. ಆವಿಯಾಗುವುದು ನೀರು ಮಾತ್ರ. ಅದರಲ್ಲಿದ್ದ ಕಸ ಹಿಂದೆ ಉಳಿಯುತ್ತದೆ, ದಿನದಿನಕ್ಕೆ ಕೂಡಿಕೊಳ್ಳುತ್ತದೆ. ಆಜರಾ ದಾಟಿ ಆಂಬೋಲಿ ಘಾಟು ಇಳಿದರೆ ವೆಂಗುರ್ಲಾ, ಮಾಲವಣದ ಕಡಲು. ಕ್ಯಾನಿನಲ್ಲಿ ಸಮುದ್ರದ ನೀರನ್ನೇ ತುಂಬಿ ತರಬಹುದಲ್ಲ ಎಂದು ಅನ್ನಿಸಬಹುದು. ಬೇಡ. ದಡದ ಹತ್ತಿರದ ನೀರಿಗೆ ಹಳ್ಳ ಹೊಳೆಗಳ ಗೊಬ್ಬರವೂ ಊರಿನ ಕೊಳೆಯೂ ಸೇರಿರುತ್ತದೆ, ಮಳೆಗಾಲದಲ್ಲಿ ಉಪ್ಪೂ ತೆಳುವಾಗಿರುತ್ತದೆ. ಪ್ಯಾಕೆಟ್ಟಿನ ಉಪ್ಪು ಬೆರೆಸಿ ಸಾಂದ್ರತೆ 1.025ಕ್ಕೆ ತರುವುದೇ ನೆಟ್ಟಗಿನ ದಾರಿ.

ಒಳಗೆ ಬರುವುದನ್ನು ತಗ್ಗಿಸುವುದು ಊಟದಿಂದ ಶುರು. ಫ್ರೋಜನ್ ಮೈಸಿಸ್ ಸಿಗಡಿಯ ತುಂಡನ್ನು ಹಾಗೇ ಟ್ಯಾಂಕಿಗೆ ಬಿಡಬೇಡ. ಚಹಾ ಸೋಸುವ ಜಾಳಿಗೆಯಲ್ಲಿ ಇಟ್ಟು ಡಿಐ ನೀರು ಹಾಯಿಸು. ಕರಗಿದ ಮಬ್ಬು ರಸ ಕೆಳಗಿನ ಬಟ್ಟಲಿಗೆ ಇಳಿಯುತ್ತದೆ, ಜಾಳಿಗೆಯಲ್ಲಿ ಸಿಗಡಿ ಮಾತ್ರ ಉಳಿಯುತ್ತದೆ. ಮೀನು ಆ ರಸ ಕುಡಿಯುವುದಿಲ್ಲ, ಕುಡಿಯುವುದು ಪಾಚಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕು. ಮನೆಗೆ ಬಂದ ಮಕ್ಕಳೆಲ್ಲ ಒಂದೊಂದು ಚಿಟಿಕೆ ಹಾಕುವ ರೂಢಿ ಇದ್ದರೆ ದಿನದ ಪಾಲನ್ನು ಬೆಳಿಗ್ಗೆಯೇ ಸಣ್ಣ ಡಬ್ಬಿಯಲ್ಲಿ ತೆಗೆದಿಡು. ಡಬ್ಬಿ ಖಾಲಿಯಾದರೆ ಆ ದಿನದ ಊಟ ಮುಗಿಯಿತು. ಮೀನನ್ನು ಉಪವಾಸ ಹಾಕಿ ನೀರು ಶುದ್ಧ ಮಾಡಲು ಮಾತ್ರ ಹೋಗಬೇಡ, ಅದು ಪಾಪದ ಕೆಲಸ.

ಹೊರಗೆ ಹಾಕುವುದಕ್ಕೆ ನಿನ್ನ ಹತ್ತಿರ ಮೂರು ದಾರಿ ಇವೆ. ಸ್ಕಿಮ್ಮರ್ ಕೊಳೆಯನ್ನು ನೊರೆಯ ಜೊತೆ ಎತ್ತಿ, ಕೊಳೆತು ನೈಟ್ರೇಟ್ ಆಗುವ ಮೊದಲೇ ಕಪ್ಪಿಗೆ ತಳ್ಳುತ್ತದೆ. ಆಗಲೇ ನೀರಲ್ಲಿ ಕರಗಿರುವ ನೈಟ್ರೇಟನ್ನು ಅದು ತೆಗೆಯಲಾರದು. ಕಪ್ಪಿನ ಕತ್ತಿನ ಒಳಗೆ ಜಿಡ್ಡು ಕಟ್ಟಿದರೆ ನೊರೆ ಏರುವುದಿಲ್ಲ, ಎರಡು ಮೂರು ದಿನಕ್ಕೊಮ್ಮೆ ಒರೆಸು. ಎರಡನೆಯದು ನೀರು ಬದಲಿಸುವುದು. 40 ಇದ್ದಾಗ ಶೇ. 10 ಬದಲಿಸಿದರೆ ಬರುವುದು 36. ಹೀಗೆ ನಾಲ್ಕು ವಾರ ಮಾಡಿದರೆ 26, ಅದೂ ಹೊಸದಾಗಿ ಏನೂ ಸೇರದಿದ್ದರೆ. ಅದಕ್ಕೇ ಊಟದ ಹಿಡಿತ ಮೊದಲು, ನೀರು ಆಮೇಲೆ. ಮೂರನೆಯದು, ಟ್ಯಾಂಕಿನ ಕೆಳಗೆ ಇಡುವ ಸಂಪು ತೊಟ್ಟಿಯಲ್ಲಿ ಕೀಟೋಮಾರ್ಫಾ ಎಂಬ ಕಡಲ ಪಾಚಿ ಬೆಳೆಸುವುದು. ಮೇಲಿನ ದೀಪ ಆರಿದ ಮೇಲೆ ಅದರ ದೀಪ ಹಚ್ಚಿದರೆ ರಾತ್ರಿ ಪಿಎಚ್ ಕುಸಿಯುವುದೂ ಕಡಿಮೆಯಾಗುತ್ತದೆ. ಬೆಳೆದದ್ದನ್ನು ಆಗಾಗ ಹಿಡಿಯಷ್ಟು ಕಿತ್ತು ಹೊರಗೆ ಹಾಕಲೇಬೇಕು. ಕೀಳದಿದ್ದರೆ ಬೆಳೆಸಿ ಫಲವಿಲ್ಲ.

ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಅಂದರೆ ಜಿಎಫ್‌ಓ, ಒಳ್ಳೆಯದೇ. ಆದರೆ ಪ್ಯಾಕೆಟ್ಟಿನ ಮೇಲೆ ಬರೆದದ್ದರ ಕಾಲುಭಾಗದಿಂದ ಶುರು ಮಾಡು. ಒಂದೇ ವಾರದಲ್ಲಿ 0.3ರಿಂದ 0.03ಕ್ಕೆ ಬೀಳಿಸಿದರೆ ಹವಳ ತಾಳಲಾರದು. ಇಳಿದ ಮೇಲೂ ಒಂದೆರಡು ವಾರಕ್ಕೆ ಅಂಕಿ ಮತ್ತೆ ಏರುತ್ತದೆ, ಗಾಬರಿ ಬೇಡ. ಕಲ್ಲು, ಮರಳು ಹಿಡಿದಿಟ್ಟಿದ್ದ ಹಳೆಯ ಫಾಸ್ಫೇಟ್ ಹೊರಬರುತ್ತಿದೆ ಎಂದು ಅರ್ಥ. ಸಮಾಧಾನದಿಂದ ಮುಂದುವರಿಸು.

ಇನ್ನೊಂದು ದಾರಿಯನ್ನೂ ಕೆಲವರು ಹೇಳುತ್ತಾರೆ. ವಿನೆಗರ್, ವೋಡ್ಕಾ ಅಥವಾ ಸಕ್ಕರೆ ಹಾಕಿ ನೈಟ್ರೇಟ್ ಇಳಿಸುವವರು ಇದ್ದಾರೆ, ಅದು ಸುಳ್ಳಲ್ಲ. ಇಂಗಾಲದ ಆಹಾರ ಸಿಕ್ಕಾಗ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಬೆಳೆಯಲು ಸಾರಜನಕ, ರಂಜಕ ಹೀರುತ್ತವೆ, ಸ್ಕಿಮ್ಮರ್ ಅವನ್ನು ಎತ್ತಿ ಹಾಕುತ್ತದೆ. ಆದರೆ ಹಾಗೆ ಬೆಳೆಯುವಾಗ ಅವು ನೀರಿನ ಆಮ್ಲಜನಕವನ್ನೂ ಬಳಸುತ್ತವೆ. ಶಿರೋಳ ತಾಲೂಕಿನ ತೇರವಾಡ ಬಂಧಾರದಲ್ಲಿ ಪಂಚಗಂಗೆಯ ಮೀನುಗಳು ರಾಶಿರಾಶಿ ಸತ್ತು ತೇಲಿದ ಸುದ್ದಿ ಮತ್ತೆ ಮತ್ತೆ ಬಂದಿದೆ. ನಗರದ ಕೊಳಚೆ, ಕಾರ್ಖಾನೆಯ ತ್ಯಾಜ್ಯ ನದಿಗೆ ಸೇರಿದಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕ ಬರಿದು ಮಾಡುತ್ತವೆ, ಮೀನು ಉಸಿರುಗಟ್ಟುತ್ತದೆ. ಅಳತೆ ಮೀರಿ ವಿನೆಗರ್ ಸುರಿದ ಟ್ಯಾಂಕಿನಲ್ಲಿ ಒಂದೇ ರಾತ್ರಿ ಆಗುವುದೂ ಅದೇ. ನೀರು ಬೆಳ್ಳಗೆ ಮಬ್ಬಾಗುತ್ತದೆ, ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ. ನಮ್ಮ ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ಮೇಲೆ ಕರೆಂಟು ಹೋದರೆ ಪಂಪೂ ಇಲ್ಲ. ಟ್ಯಾಂಕಿಗೆ ವರ್ಷ ತುಂಬುವ ತನಕ ಈ ದಾರಿಗೆ ಹೋಗಬೇಡ. ಬ್ಯಾಟರಿಯ ಏರ್ ಪಂಪೊಂದನ್ನು ಮಾತ್ರ ಇವತ್ತೇ ತಂದಿಟ್ಟುಕೊ.

ಮುಂದೆ ಎಂದಾದರೂ ನೈಟ್ರೇಟ್ ಸೊನ್ನೆಗೆ ಬಿದ್ದರೆ ಹೊಲಕ್ಕೆ ಹಾಕುವ 13:0:45 ಪುಡಿಯೂ ಪೊಟ್ಯಾಸಿಯಂ ನೈಟ್ರೇಟೇ ಅಲ್ಲವೇ ಎಂದು ಯಾರಾದರೂ ಹೇಳಿಯಾರು. ಹೌದು, ಅದೇ. ಆದರೆ ಗೊಬ್ಬರದಲ್ಲಿ ಬೇರೆ ಏನು ಬೆರೆತಿದೆ ಎಂದು ನಿನಗೆ ಗೊತ್ತಾಗುವುದಿಲ್ಲ. ಒಂದು ಚಿಟಿಕೆ ಮೀನಿನ ಕಾಳು ಹೆಚ್ಚು ಹಾಕು, ಸಾಕು.

ಕೊನೆಗೆ, ಇವೆಲ್ಲಕ್ಕಿಂತ ಮುಖ್ಯವಾದದ್ದು. ಟ್ಯಾಂಕು ಹದಕ್ಕೆ ಬಂದ ಮೇಲೆ ಗಟ್ಟಿ ಹವಳ ಬೇಕು ಎಂಬ ಆಸೆ ಹುಟ್ಟುತ್ತದೆ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಮಾಲವಣದ ಕಡಲು 1987ರಿಂದ ಸಾಗರ ಅಭಯಾರಣ್ಯ; ಅಲ್ಲಿಂದ ಹವಳದ ಒಂದು ಚೂರು ತಂದರೂ ಅಪರಾಧ. ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಕೈ ಮುಗಿದು ಕಳಿಸಿಬಿಡು. ಸಮುದ್ರದಿಂದ ಕಿತ್ತು ತಂದ ಲೈವ್ ರಾಕ್ ಬದಲು ಕಾರ್ಖಾನೆಯಲ್ಲಿ ಮಾಡಿದ ರಂಧ್ರದ ಸೆರಾಮಿಕ್ ಕಲ್ಲು ಇಡು, ಬ್ಯಾಕ್ಟೀರಿಯಾಕ್ಕೆ ಅದೂ ಮನೆಯೇ. ಮೀನು ಕೊಳ್ಳುವಾಗ ತೊಟ್ಟಿಯಲ್ಲೇ ಹುಟ್ಟಿದ್ದನ್ನು ಕೇಳಿ ಕೊಳ್ಳು. ಕ್ಲೌನ್ ಮೀನನ್ನು ಮರಿ ಮಾಡಿಸಿ ಸಾಕುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಢಿಗೆ ತಂದಿದೆ. ಸಮುದ್ರವನ್ನು ಪ್ರೀತಿಸುವವನು ಸಮುದ್ರವನ್ನು ಬರಿದು ಮಾಡಬಾರದು.

ಈ ತಿಂಗಳು ಇಷ್ಟು ಮಾಡು. ಊಟಕ್ಕೆ ಡಬ್ಬಿ, ವಾರಕ್ಕೆ 20 ಲೀಟರ್ ಹೊಸ ನೀರು, ಪಾಚಿ ಕೈಯಿಂದ ಕೀಳುವುದು. ಭಾನುವಾರ ಬೆಳಿಗ್ಗೆ, ಮೀನಿಗೆ ಹಾಕುವ ಮುಂಚೆ, ನೈಟ್ರೇಟ್, ಫಾಸ್ಫೇಟ್ ಅಳೆದು ಒಂದು ವಹಿಯಲ್ಲಿ ಬರೆ. ಪಕ್ಕದಲ್ಲಿ ಆ ವಾರ ಏನು ಬದಲಿಸಿದೆ ಎಂದು ಬರೆ. ಒಂದು ಸಲಕ್ಕೆ ಒಂದನ್ನೇ ಬದಲಿಸು, ಎರಡು ವಾರ ಕಾಯಿ, ಆಮೇಲೆ ಇನ್ನೊಂದು. ಜಿಎಫ್‌ಓ ಬೇಕೋ ಬೇಡವೋ ವಹಿಯೇ ಹೇಳುತ್ತದೆ. ದೀಪಾವಳಿಗೆ ಗಡಹಿಂಗ್ಲಜಕ್ಕೆ ಬರುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಬಾ. ಇಬ್ಬರೂ ಕೂತು ನೋಡೋಣ.

ನಿನ್ನ ಕಾಕಾ