ಸೋರೆಕಾಯಿ ಅಲ್ಲ, ಗೀಜಗನ ಗೂಡು

ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವರ ಮುಖವನ್ನು ಯಾರೂ ನೋಡುವುದಿಲ್ಲ. ಎಲ್ಲರ ಕಣ್ಣೂ ನೋಟು ಎಣಿಸುವ ಕೈ ಮೇಲಿರುತ್ತದೆ. ನನ್ನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಜಾಲಿ ಕೊಂಬೆ, ಆ ಕೊಂಬೆಗೆ ಜೋತುಬಿದ್ದ ಗೀಜಗನ ಗೂಡು. ಹೀಗಾಗಿ ಟ್ಯಾಟೂ ಬಗ್ಗೆ ಜನ ಏನೆನ್ನುತ್ತಾರೆ ಅಂತ ನಾನು ಎಲ್ಲೂ ಹೋಗಿ ಕೇಳಬೇಕಿಲ್ಲ, ದಿನದ ವಹಿವಾಟಿನ ಜೊತೆಗೇ ಬಂದು ಬೀಳುತ್ತದೆ. "ಮೇಡಂ, ಅದು ಸೋರೆಕಾಯಿನಾ?" ಎಂಬುದು ಹೆಚ್ಚು ಬರುವ ಪ್ರಶ್ನೆ. ಹಾಗಲಕಾಯಿ ಎಂದವರಿದ್ದಾರೆ, ಜೇನುಗೂಡು ಎಂದವರಿದ್ದಾರೆ. ಡ್ರಿಪ್ ಬಾಟಲಿ ಎಂದ ಮೆಡಿಕಲ್ ಸ್ಟೋರ್ ಮಾಲೀಕರೂ ಇದ್ದಾರೆ.

ಗೂಡು ಎಂದು ಹೇಳಿದರೆ ಅಲ್ಲಿಗೆ ಮುಗಿಯುವುದಿಲ್ಲ. "ಅಂದ್ರೆ ಅದರ ಅರ್ಥ ಏನು?" ಎಂಬುದು ಹಿಂದೆಯೇ ಬರುತ್ತದೆ. ಅರ್ಥ ಇಲ್ಲ, ಚೆಂದ ಕಂಡಿತು ಎಂದರೆ ಯಾರಿಗೂ ಸಮಾಧಾನವಿಲ್ಲ. ಯಾರಾದರೂ ತೀರಿಕೊಂಡಿರಬೇಕು, ಹರಕೆ ಇರಬೇಕು, ಪ್ರೀತಿ ಮುರಿದಿರಬೇಕು. ಹೆಣ್ಣುಮಗಳೊಬ್ಬಳು ಬರೀ ಚೆಂದಕ್ಕೆ ಇಷ್ಟು ನೋವು ತಿಂದಳು ಎಂಬುದನ್ನು ನಂಬಲು ಜನ ತಯಾರಿಲ್ಲ. ಅದಕ್ಕೇ ಈಗ ಒಂದು ಉತ್ತರ ಸಿದ್ಧ ಇಟ್ಟುಕೊಂಡಿದ್ದೇನೆ: "ನಮ್ಮೂರ ಬಾವಿ ಮೇಲೆ ಇಂಥದ್ದು ತುಂಬಾ ಇದ್ವು." ಮಾತು ನಿಜ, ಆದರೆ ಕಾರಣ ಅದಲ್ಲ. ಕೇಳಿದವರು ಮಾತ್ರ "ಓಹೋ" ಎಂದು ತಲೆಯಾಡಿಸಿ ದುಡ್ಡು ತಗೊಂಡು ಹೋಗುತ್ತಾರೆ. ಹಿಂದೆ ಕ್ಯೂ ಇರುವ ಕಡೆ ಇದಕ್ಕಿಂತ ಉದ್ದದ ಸತ್ಯ ನಡೆಯುವುದಿಲ್ಲ.

ನಮ್ಮ ಹಿಂದಿನ ಶಾಖೆಯಲ್ಲಿ ಇನ್‌ಸ್ಪೆಕ್ಷನ್ ಬಂದಾಗಲೆಲ್ಲ ಮೇಲಿನವರೊಬ್ಬರು "ಇವತ್ತೊಂದು ದಿನ ಫುಲ್ ಸ್ಲೀವ್ ಹಾಕ್ಕೊಂಡು ಬನ್ನಿ" ಅನ್ನುತ್ತಿದ್ದರು. ಅದೇ ಶಾಖೆಯ ಅಟೆಂಡರ್ ಮುಂಗೈ ತುಂಬ ಅಪ್ಪು ಮುಖವಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಎಷ್ಟೋ ಹುಡುಗರು ಹಾಕಿಸಿಕೊಂಡ ಹಾಗೆ ಅವನೂ ಹಾಕಿಸಿಕೊಂಡಿದ್ದ. ಅವನಿಗೆ ಯಾರೂ ತೋಳು ಮುಚ್ಚು ಅನ್ನಲಿಲ್ಲ. ಗಿರಾಕಿಗಳು ಅವನ ಕೈ ನೋಡಿ ಒಂದು ಕ್ಷಣ ಸುಮ್ಮನಾಗುತ್ತಿದ್ದರು, ಕೆಲವರು ಮುಟ್ಟಿ ಕಣ್ಣಿಗೊತ್ತಿಕೊಂಡದ್ದೂ ಉಂಟು. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿಲ್ಲ. ಅಪ್ಪು ಎಂದರೆ ನನಗೂ ಪ್ರಾಣವೇ. ಆದರೆ ಶಾಯಿ ಎರಡು ಕೈಯಲ್ಲೂ ಒಂದೇ. ಜನ ನೋಡುತ್ತಿದ್ದುದು ಶಾಯಿಯನ್ನಲ್ಲ, ಅದು ಯಾರ ಕೈ, ಯಾರಿಗಾಗಿ ಎಂಬುದನ್ನು. ಇದು ನನಗೆ ಅಲ್ಲೇ ಖಾತ್ರಿಯಾಯಿತು.

ಮನೆಯಲ್ಲಿ ನಾನು ನಿರೀಕ್ಷಿಸಿದ ಜಗಳ ಬೇರೆ, ಆದ ಜಗಳ ಬೇರೆ. ಅಪ್ಪ ಎಷ್ಟಾಯ್ತು ಅಂತ ಕೇಳಿದರು. ಸ್ಟುಡಿಯೋದಲ್ಲಿ ಚದರ ಇಂಚಿನ ಲೆಕ್ಕ ಎಂದೆ. "ಸೈಟಿನ ಥರಾನಾ?" ಅಂದು ಪೇಪರಿಗೆ ಮರಳಿದರು. ಅಮ್ಮ ಮಾತ್ರ ಊಟ ಬಿಟ್ಟರು.

ಅಮ್ಮನ ಕೈಯಲ್ಲಿ ಹಚ್ಚೆ ಇದೆ. ಅರಸೀಕೆರೆ ಕಡೆಯ ಹಳ್ಳಿಯಲ್ಲಿ, ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ, ಬಾಗಿಲಿಗೆ ಬಂದ ಕೊರವಂಜಿ ಹಾಕಿದ್ದು. ಇಬ್ಬರು ಹೆಂಗಸರು ಹಿಡಿದುಕೊಂಡಿದ್ದರಂತೆ. ದೀಪದ ಕಾಡಿಗೆಯನ್ನು ಎಲೆಯ ರಸದಲ್ಲಿ ಕಲಸಿ, ಕಟ್ಟಿದ ಸೂಜಿಗಳನ್ನು ಅದರಲ್ಲಿ ಅದ್ದಿ ಚುಚ್ಚುವುದು, ಮೇಲೆ ಅರಿಶಿನ ಎಣ್ಣೆ ಸವರುವುದು. ಕೂಲಿಗೆ ಒಂದು ಮೊರ ರಾಗಿ, ಒಂದು ಹಳೇ ಸೀರೆ. ಆ ಸೂಜಿಯಲ್ಲೇ ಬೀದಿಯ ಅಷ್ಟೂ ಹುಡುಗಿಯರಿಗೆ. ಮೊಣಕೈ ಕೆಳಗೆ ಒಂದು ತುಳಸಿಕಟ್ಟೆ, ಅದರ ಕೆಳಗೆ ಚುಕ್ಕಿಗಳ ಸಾಲು. ಹೆಣ್ಣಾದ ಮೇಲೆ ಹಚ್ಚೆ ಇರಬೇಕು, ಸತ್ತಾಗ ಮೈಮೇಲಿನ ಚಿನ್ನವನ್ನು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುತ್ತದೆ ಎಂದು ಹಿಡಿದುಕೊಂಡವರು ಸಮಾಧಾನ ಹೇಳಿದ್ದರಂತೆ. ಅಷ್ಟು ಚಿಕ್ಕ ಹುಡುಗಿಗೆ ಅದೆಂಥ ಸಮಾಧಾನವೋ.

ಮುಂದೆ ಅಮ್ಮ ಟಿಸಿಎಚ್ ಓದಲು ಪಟ್ಟಣಕ್ಕೆ ಹೋದರು. ಹಾಸ್ಟೆಲಿನಲ್ಲಿ ನಲ್ಲಿ ಹತ್ತಿರ ನಿಂತಾಗ ಉಳಿದ ಹುಡುಗಿಯರು ಮೊದಲು ಕೈ ನೋಡಿದರು, ಆಮೇಲೆ ಮುಖ. ಹಚ್ಚೆ ನೋಡಿದರೆ ಸಾಕು, ಇವಳು ಎಲ್ಲಿಯವಳು, ಯಾವ ಜನ ಎಂದು ಲೆಕ್ಕ ಹಾಕಿಬಿಡುತ್ತಿದ್ದರು. ಅಲ್ಲಿಂದ ನಿವೃತ್ತಿಯ ತನಕ ಅಮ್ಮ ಮೊಣಕೈ ದಾಟುವ ತೋಳಿನ ರವಿಕೆಯನ್ನೇ ತೊಟ್ಟರು. ಏಪ್ರಿಲ್ ತಿಂಗಳ ಬಿಸಿಲಲ್ಲೂ. ಟೈಲರ್ ಅಂಗಡಿಯಲ್ಲಿ ಅಳತೆ ಕೊಡುವಾಗ "ಇನ್ನೆರಡು ಬೆರಳು ಕೆಳಕ್ಕೆ" ಎಂದು ಎದುರು ನಿಂತು ಟೇಪ್ ಎಳೆಸುತ್ತಿದ್ದುದು ನನಗೆ ನೆನಪಿದೆ. ಅಮ್ಮನಿಗೆ ಚಳಿ ಜಾಸ್ತಿ ಅಂದುಕೊಂಡಿದ್ದೆ.

"ನಾನು ಮುಚ್ಚೋಕೆ ಇಷ್ಟು ವರ್ಷ ಒದ್ದಾಡಿದೆ. ನೀನು ದುಡ್ಡು ಕೊಟ್ಟು ಹಾಕ್ಸ್ಕೊಂಡ್ ಬಂದಿದೀಯ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸ್ಟುಡಿಯೋದ ಎಸಿ, ಕಣ್ಣೆದುರೇ ಬಿಚ್ಚಿದ ಹೊಸ ಸೂಜಿ, ಕೈಗವಸು, ಬೇಡವೆಂದರೆ ಎದ್ದು ಬರುವ ಸ್ವಾತಂತ್ರ್ಯ ಇವೆಲ್ಲ ನನಗಿದ್ದವು. ನನ್ನ ಹಚ್ಚೆ ನೋಡಿ ಯಾರೂ ನನ್ನನ್ನು ಹಳ್ಳಿಗೆ ವಾಪಸು ಕಳಿಸುವುದಿಲ್ಲ. ಹೆಚ್ಚೆಂದರೆ ಸ್ಟೈಲ್ ಜಾಸ್ತಿ ಅನ್ನುತ್ತಾರೆ. "ಇದು ನಮ್ಮ ಪರಂಪರೆ ಅಲ್ವಾ ಅಮ್ಮ" ಎಂದು ವಾದಿಸಬಹುದಿತ್ತು. ಟ್ಯಾಟೂ ಹಾಕಿಸಿಕೊಂಡ ಗೆಳತಿಯರು ಅಜ್ಜಿಯ ಫೋಟೋ ತೋರಿಸಿ ಹೀಗೇ ವಾದಿಸಿ ಗೆದ್ದಿದ್ದಾರೆ. ಆ ರವಿಕೆಗಳನ್ನು ನೆನೆದರೆ ನನಗೆ ಅದು ಬಾಯಿಗೆ ಬರುವುದಿಲ್ಲ.

ಅತ್ತೆಯ ದೂರು ಇದಕ್ಕೆ ತದ್ವಿರುದ್ಧ. ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಕೊಂಬೆ ನೋಡಿದರು, ಗೂಡು ನೋಡಿದರು, ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಹಾಕ್ಸೋದ್ ಹಾಕ್ಸಿದೀಯ, ಇವನ ಹೆಸರೆಲ್ಲಿ?" ಅವರ ಕೈಯಲ್ಲಿ ಮಾವನವರ ಹೆಸರಿದೆ. ಬಾಯಲ್ಲಿ ಗಂಡನ ಹೆಸರು ಹೇಳದ ಕಾಲದಲ್ಲಿ ಕೈಯಲ್ಲಿ ಬರೆಸಿಕೊಂಡರಲ್ಲ ಎಂದು ನನಗೆ ನಗು. ನನ್ನ ಗಂಡ ತನ್ನ ಹೆಸರು ಇಲ್ಲದ್ದಕ್ಕೆ ಬಚಾವಾದೆ ಎನ್ನುವವನ ಹಾಗೆ ಟಿವಿ ಸದ್ದು ಹೆಚ್ಚು ಮಾಡಿದ.

ಹೊರಗಿನವರಲ್ಲಿ ನನಗೆ ಅತ್ಯಂತ ಇಷ್ಟವಾದವರು ಬಸ್ಸಿನ ಮುದುಕಿಯರು. ಶಕ್ತಿ ಯೋಜನೆ ಬಂದ ಮೇಲೆ ಅಕ್ಕಪಕ್ಕ ಅವರೇ ಸಿಗುವುದು ಹೆಚ್ಚು. ಅವರಿಗೂ ಅನುಮತಿ ಗಿನುಮತಿ ಇಲ್ಲ. ಸೀದಾ ಕೈ ಹಿಡಿದು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಬೇರೆ ಯಾರಾದರೂ ಹೀಗೆ ಮುಟ್ಟಿದರೆ ಕೈ ಎಳೆದುಕೊಳ್ಳುತ್ತೇನೆ. ಚಿತ್ರ ಇದೆ ಎಂಬ ಮಾತ್ರಕ್ಕೆ ಹೆಣ್ಣಿನ ಕೈಯನ್ನು ಅಂಗಡಿಯ ಬೋರ್ಡಿನಂತೆ ಭಾವಿಸುವ ಗಂಡಸರು ಬೇಕಾದಷ್ಟಿದ್ದಾರೆ. "ಮುಟ್ಟಬೇಡಿ" ಎಂದು ಜೋರಾಗಿ, ನಗದೆ ಹೇಳುವುದನ್ನು ನಾನು ಟ್ಯಾಟೂ ಬಂದ ಮೇಲೆ ಕಲಿತೆ. ಮುದುಕಿಯರ ವಿಷಯ ಬೇರೆ. ಅವರು ಅರ್ಥ ಕೇಳುವುದಿಲ್ಲ. ಜಾವಗಲ್ ಕಡೆಯ ಒಬ್ಬಾಕೆ "ತುಂಬ ನೋಯ್ತಾ ಮಗಾ?" ಎಂದು ಕೇಳಿ, ತನ್ನ ಕೈಯನ್ನು ನನ್ನ ಕೈ ಪಕ್ಕ ಇಟ್ಟರು. ಅವರದು ಹಸಿರು ತಿರುಗಿತ್ತು. ಕಾಡಿಗೆ ಕಪ್ಪೇ ಆದರೂ ಚರ್ಮದ ಕೆಳಪದರದಲ್ಲಿ ಕೂತಾಗ ಬೆಳಕು ಚದುರಿ ಹಾಗೆ ಹಸಿರು ನೀಲಿಯಾಗಿ ಕಾಣುತ್ತದೆ. ನನ್ನದೂ ಆ ದಾರಿ ಹಿಡಿದಿದೆ. ಗೂಡಿನ ಹುಲ್ಲಿನ ಎಳೆಗಳನ್ನು ಕಲಾವಿದ ಒಂದೊಂದಾಗಿ ಕೂದಲೆಳೆಯಷ್ಟು ಸಣ್ಣಗೆ ಎಳೆದಿದ್ದ. ವರ್ಷಗಳು ಕಳೆದಂತೆ ಗೆರೆ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ, ಹೀಗಾಗಿ ಸೋರೆಕಾಯಿ ಅನ್ನುವವರ ಸಂಖ್ಯೆಯೂ ಏರುತ್ತಿದೆ. ಸಣ್ಣ ಗೆರೆಯ ಚಿತ್ರ ಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಸ್ವಲ್ಪ ದೊಡ್ಡದಾಗಿ, ಬಿಡಿಬಿಡಿಯಾಗಿ ಹಾಕಿಸಿ, ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚಿ.

ಕೇಳುವವರಿಗೆ ಇನ್ನೆರಡು ಮಾತು ಸೇರಿಸುತ್ತೇನೆ. ಹಾಕಿಸಿಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೂಜಿಯಿಂದ ಹೆಪಟೈಟಿಸ್, ಎಚ್‌ಐವಿ ತಗುಲಿರಬಹುದೆಂಬ ಎಚ್ಚರಿಕೆ ಅದು. ಇನ್ನು ದೇವರು ಬೇಕಿದ್ದರೆ ಸೊಂಟದ ಕೆಳಗೆ ಬೇಡ. 2015ರಲ್ಲಿ ಆಸ್ಟ್ರೇಲಿಯಾದ ವಿದ್ಯಾರ್ಥಿಯೊಬ್ಬ ಕಾಲಿನ ಮೇಲೆ ಯಲ್ಲಮ್ಮನ ಚಿತ್ರ ಇಟ್ಟುಕೊಂಡು ಬೆಂಗಳೂರಿನ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಒಂದು ಗುಂಪು ಅವನನ್ನು ಸುತ್ತುವರಿದು ರಂಪ ಮಾಡಿತ್ತು. ಭಕ್ತಿಯಿಂದಲೇ ಹಾಕಿಸಿದ್ದು ಅಂತ ಆತ ಹೇಳಿದರೂ ಕೇಳುವವರಿರಲಿಲ್ಲ. ಆ ಗುಂಪು ಮಾಡಿದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ಆದರೆ ರಸ್ತೆಯಲ್ಲಿ ನಿಂತು ವಾದಿಸುವ ತಾಕತ್ತು ಎಲ್ಲರಿಗೂ ಇರುವುದಿಲ್ಲವಲ್ಲ.

ಈಚೆಗೆ ನಮ್ಮ ಅಣ್ಣನ ಮಗನ ಪ್ರಕರಣವೊಂದಾಯಿತು. ಮಾಲೇಕಲ್ಲು ತಿರುಪತಿ ಜಾತ್ರೆಯಲ್ಲಿ, ಬ್ಯಾಟರಿ ಮೆಷಿನ್ ಇಟ್ಟುಕೊಂಡು ಅಕ್ಷರಕ್ಕಿಷ್ಟು ಅಂತ ತೆಗೆದುಕೊಳ್ಳುವವನ ಹತ್ತಿರ ಹೆಗಲ ಕೆಳಗೆ ಒಂದು ಹೆಸರು ಬರೆಸಿಕೊಂಡಿದ್ದಾನೆ. ನಾಲ್ಕೇ ಅಕ್ಷರ, ಯಾರದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಈಗ ಅವನಿಗೆ ಅಗ್ನಿವೀರ್ ಭರ್ತಿಗೆ ಹೋಗಬೇಕು. ಸೇನೆಯಲ್ಲಿ ಮುಂಗೈಯ ಒಳಮೈ ಮತ್ತು ಅಂಗೈಯ ಹಿಂಬದಿ ಬಿಟ್ಟರೆ ಬೇರೆ ಕಡೆ ಶಾಶ್ವತ ಹಚ್ಚೆಗೆ ಒಪ್ಪಿಗೆಯಿಲ್ಲ. ಬುಡಕಟ್ಟಿನವರಿಗೆ ಅವರ ಪದ್ಧತಿಯ ಹಚ್ಚೆಗೆ ವಿನಾಯಿತಿ ಉಂಟು. ಇವನ ಪ್ರೀತಿ ಆ ಪಟ್ಟಿಯಲ್ಲಿ ಬರುವುದಿಲ್ಲ. ಲೇಸರ್ ಮಾಡಿಸಲು ಚರ್ಮದ ಡಾಕ್ಟರ್ ಹತ್ತಿರ ಹೋಗುವಾಗ, ಹುಡುಗ ಹೆದರಿಕೊಂಡಾನು ಅಂತ ಅಮ್ಮ ತಾವೂ ಹೊರಟರು.

ಡಾಕ್ಟರ್ ವಿವರಿಸಿದರು: ಲೇಸರ್ ಶಾಯಿಯ ಕಣಗಳನ್ನು ಪುಡಿ ಮಾಡುತ್ತದೆ, ಪುಡಿಯಾದದ್ದನ್ನು ಮೈಯೇ ನಿಧಾನಕ್ಕೆ ಸಾಗಿಸುತ್ತದೆ, ಹಾಗಾಗಿ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಬರಬೇಕು. ಕಪ್ಪು ಬೇಗ ಹೋಗುತ್ತದೆ, ಬಣ್ಣದವು ಹಟ ಮಾಡುತ್ತವೆ. ಹೇಳುತ್ತ ಹೇಳುತ್ತ ಅವರ ಕಣ್ಣು ಅಮ್ಮನ ಕೈ ಮೇಲೆ ಬಿತ್ತು. ಹುಡುಗನ ಚೀಟಿ ಹಿಡಿದುಕೊಳ್ಳಲು ಚಾಚಿದಾಗ ತೋಳು ಮೇಲೆ ಸರಿದಿತ್ತು. "ಅಮ್ಮಾ, ನಿಮ್ಮದು ಹಳೇ ಕಾಡಿಗೆ. ಇವನದಕ್ಕಿಂತ ಸುಲಭವಾಗಿ ಹೋಗುತ್ತೆ. ಬೇಕಾದರೆ ತೆಗೆದುಬಿಡೋಣ."

ನಾನು ಉಸಿರು ಬಿಗಿಹಿಡಿದೆ. ಅಮ್ಮ ತೋಳನ್ನು ಕೆಳಕ್ಕೆ ಎಳೆದುಕೊಳ್ಳಲಿಲ್ಲ. ಒಂದು ಸಲಕ್ಕೆ ಎಷ್ಟಾಗುತ್ತೆ ಎಂದರು. ಡಾಕ್ಟರ್ ಹೇಳಿದರು. ಎಷ್ಟು ಸಲ ಬರಬೇಕು ಎಂದರು. ಅದನ್ನೂ ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರಿಗೆ ಗುಣಿಸಲು ಕಾಗದ ಬೇಕೇ?

"ಅಷ್ಟು ದುಡ್ಡಿಗೆ ನಂಗೆ ಸಾಯೋವರೆಗೂ ರವಿಕೆ ಬರುತ್ತೆ" ಎಂದು ಅಮ್ಮ ಮೊಮ್ಮಗನನ್ನು ಹಾಸಿಗೆ ಕಡೆ ತಳ್ಳಿದರು. "ಇವನಿಗೆ ಮಾಡಿ ಸಾರ್, ಭರ್ತಿಗೆ ಟೈಮ್ ಆಗುತ್ತೆ."