ಎರಡನೇ ಮಗನ ವಕಾಲತ್ತು

ಮೇಡಂ, ನನಗೀಗ 31 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಊರು ತಿಪಟೂರಿನ ಹತ್ತಿರ. ಅಪ್ಪನದು ಹಾರ್ಡ್‌ವೇರ್ ಅಂಗಡಿ, ಅಣ್ಣ ಅದನ್ನೇ ನೋಡಿಕೊಂಡು ಅಲ್ಲೇ ಇದ್ದಾನೆ. ಪಿಯುಸಿಯಲ್ಲಿದ್ದಾಗ ಹಿಡಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ಇದೇ ಹುಚ್ಚಿನ ಐದಾರು ಗೆಳೆಯರು ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಉಳಿದವರಿಗೆ ಅರಗಾರ್ನ್, ಗ್ಯಾಂಡಾಲ್ಫ್ ಬೇಕು. ನನಗೆ ಫರಾಮಿರ್. ಅಪ್ಪ ಡೆನೆಥಾರ್‌ಗೆ ದೊಡ್ಡ ಮಗ ಬೊರೊಮಿರ್ ಒಬ್ಬನೇ ಮಗ, ಫರಾಮಿರ್ ಲೆಕ್ಕಕ್ಕೇ ಇಲ್ಲ. ಈ ಅನ್ಯಾಯದ ಬಗ್ಗೆ ನಲವತ್ತು ಪುಟ ಬರೆದು ಗೆಳೆಯರಿಗೆ ಓದಿ ಹೇಳಿದೆ. ಎಲ್ಲರೂ ಸುಮ್ಮನಿದ್ದರು. ಒಬ್ಬ ಮಾತ್ರ, “ನೀನು ಬರೆದಿರೋದು ಡೆನೆಥಾರ್ ಬಗ್ಗೆ ಅಲ್ಲ ಕಣೋ, ನಿಮ್ಮಪ್ಪನ ಬಗ್ಗೆ” ಅಂದುಬಿಟ್ಟ. ಅವತ್ತಿಂದ ನಾನು ಆ ಕಡೆ ತಲೆ ಹಾಕಿಲ್ಲ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಹೋದ ವರ್ಷ ಸಾಲ ಮಾಡಿ ಒಂದು ಫ್ಲ್ಯಾಟ್ ತಗೊಂಡೆ. ಗೃಹಪ್ರವೇಶದ ದಿನ ನೆಂಟರೆಲ್ಲ ಊಟಕ್ಕೆ ಕೂತಾಗ ಅಪ್ಪ, “ಇದನ್ನೂ ದೊಡ್ಡೋನೇ ನಿಂತು ಮಾಡಿಸಿದ್ದು” ಅಂದರು. ಅಣ್ಣ ಬಂದಿದ್ದು ಎರಡೇ ಸಲ, ಬಾಗಿಲು-ಚಿಲಕ ನೋಡೋಕೆ. ಅವನೇನೂ ಕೆಟ್ಟವನಲ್ಲ ಬಿಡಿ. ಈಗ ಆ ನಲವತ್ತು ಪುಟವನ್ನು ಕನ್ನಡಕ್ಕೆ ಮಾಡಿ ಅಪ್ಪನ ಕೈಗೆ ಕೊಡೋಣ ಅನ್ನಿಸುತ್ತಿದೆ. ಓದಿದರೆ ಅರ್ಥವಾದೀತೇನೋ. ಹೆಂಡತಿ ಬೇಡ ಅನ್ನುತ್ತಾಳೆ. ನನ್ನ ಓದು ತಪ್ಪಾ? ಈ ವಯಸ್ಸಿನಲ್ಲಿ ಕಟ್ಟುಕಥೆಯ ಪಾತ್ರಕ್ಕೆ ಇಷ್ಟು ಸಂಕಟಪಡುವುದು ಸರಿಯಾ?
– ಹೆಸರು ಬೇಡ

ಮೊದಲು ಹೆಂಡತಿಯ ಮಾತು ಕೇಳಿ. ಆ ಪುಟಗಳನ್ನು ಅಪ್ಪನಿಗೆ ಕೊಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ.

ಸಂಕಟಪಡುವುದು ಸರಿಯಾ ಅಂದಿರಿ. ಕನ್ನಡದಲ್ಲಿ ಹುಟ್ಟಿದವರು ಈ ಪ್ರಶ್ನೆ ಕೇಳಲೇಬಾರದು. ಅರ್ಜುನನ ಕಾವ್ಯ ಬರೆಯಲು ಕೂತ ಪಂಪ ಕರ್ಣನ ಹತ್ತಿರ ಬಂದಾಗ ಮನಸ್ಸು ಕರಗಿಸಿಕೊಂಡ. ರನ್ನ ದುರ್ಯೋಧನನಿಗೆ ಘನತೆ ಕೊಟ್ಟ. ಕುವೆಂಪು ಮಂಥರೆಯನ್ನೂ ಕೈಬಿಡಲಿಲ್ಲ. ಅವರನ್ನೆಲ್ಲ ಓದಿ ಕಣ್ಣೊರೆಸಿಕೊಂಡ ಜನ ನಾವು; ಗೊಂಡೊರ್ ರಾಜ್ಯದ ಹುಡುಗ ಫರಾಮಿರ್‌ಗಾಗಿ ಮರುಗಿದರೆ ಮೈಲಿಗೆಯೇನಿಲ್ಲ.

ಇನ್ನು ಆ ಗೆಳೆಯನ ಆರೋಪ. ಪಾತ್ರದಲ್ಲಿ ನಿಮ್ಮನ್ನು ನೀವು ನೋಡಿಕೊಂಡಿದ್ದು ನಿಜವೇ ಇರಬಹುದು. ಅದರಲ್ಲಿ ತಪ್ಪೇನಿದೆ? ಬರೆದವನೇ ನೋಡಿಕೊಂಡಿದ್ದಾನಲ್ಲ. 1944ರ ಮೇ ತಿಂಗಳಲ್ಲಿ ಕಾದಂಬರಿಕಾರ ಟೋಲ್ಕೀನ್ ತಮ್ಮ ಮಗ ಕ್ರಿಸ್ಟಫರ್‌ಗೆ ಬರೆದ ಕಾಗದದಲ್ಲಿ ಈ ಫರಾಮಿರ್ ಬಗ್ಗೆ ಹೇಳುತ್ತಾರೆ. ತಾನು ಅವನನ್ನು ಕಟ್ಟಲೂ ಇಲ್ಲ, ಬಯಸಲೂ ಇಲ್ಲ, ಇಥಿಲಿಯನ್ ಕಾಡಿನಲ್ಲಿ ತಾನಾಗಿ ನಡೆದುಕೊಂಡು ಬಂದ ಅನ್ನುವ ಧಾಟಿಯಲ್ಲಿ. ದೊಡ್ಡ ಅಲೆಯೊಂದು ನೆಲವನ್ನೆಲ್ಲ ನುಂಗುವ ಕನಸು ಟೋಲ್ಕೀನ್‌ಗೆ ವರ್ಷಗಟ್ಟಲೆ ಬೀಳುತ್ತಿತ್ತು. ಅದನ್ನು ಅವರು ಕೊಟ್ಟಿದ್ದು ಫರಾಮಿರ್‌ಗೆ. ಮುಂದೆ ಇನ್ನೊಂದು ಕಾಗದದಲ್ಲಿ, ತನ್ನನ್ನು ಹೋಲುವ ಪಾತ್ರ ಯಾವುದಾದರೂ ಇದ್ದರೆ ಅದು ಫರಾಮಿರ್, ಆದರೆ ಅವನ ಧೈರ್ಯ ತನಗಿಲ್ಲ ಎಂದೂ ಬರೆದರು. ಆದ್ದರಿಂದ ನಿಮ್ಮ ನೋವು ನಿಮ್ಮನ್ನು ಆ ಪುಸ್ತಕದ ಒಳಗೆ ಕರೆದೊಯ್ದಿದ್ದಕ್ಕೆ ನನ್ನ ತಕರಾರಿಲ್ಲ. ಒಳಗೆ ಹೋದಮೇಲೆ ನೀವು ಒಂದೇ ಕೋಣೆಯಲ್ಲಿ ಕೂತಿರಿ, ಅದು ನನ್ನ ತಕರಾರು.

ನಿಮ್ಮ ಕಾಗದದ ಜೊತೆ ಕಳಿಸಿದ ಏಳೆಂಟು ಪುಟಗಳನ್ನು ಓದಿದೆ. ಚೆನ್ನಾಗಿ ಬರೆಯುತ್ತೀರಿ. ಅಪ್ಪ ಮಗನ ಮುಖಕ್ಕೇ, ಅಣ್ಣನ ಜಾಗದಲ್ಲಿ ನೀನು ಹೋಗಿ ಅವನು ಉಳಿದಿದ್ದರೆ ಚೆನ್ನಾಗಿತ್ತು ಅನ್ನುವ ಆ ಜಾಗವನ್ನು ನೀವು ಸಾಲು ಸಾಲಾಗಿ ಬಿಡಿಸಿದ ರೀತಿ ಯಾವ ಅಧ್ಯಾಪಕರಿಗೂ ಮೆಚ್ಚುಗೆಯಾಗಬೇಕು. ಆದರೆ ಡೆನೆಥಾರ್ ನಿಮ್ಮ ಬರಹದಲ್ಲಿ ಬರೀ ಬಾಯಿ. ಸಿನಿಮಾದ ಡೆನೆಥಾರ್ ನಿಮ್ಮ ತಲೆಯಲ್ಲಿ ಕೂತಿದ್ದಾನೆ ಅಂತ ನನ್ನ ಗುಮಾನಿ. 2003ರ ಚಿತ್ರದಲ್ಲಿ ಮಗನನ್ನು ಸಾವಿಗೆ ಕಳಿಸಿ ಟೊಮೆಟೊ ಕಚ್ಚುತ್ತಾ ರಸ ಸುರಿಸಿಕೊಳ್ಳುತ್ತಾನಲ್ಲ, ಆ ಮುದುಕ. ಜಾನ್ ನೋಬಲ್ ಒಳ್ಳೆಯ ನಟರೇ, ದೃಶ್ಯವೂ ಮರೆಯುವಂಥದ್ದಲ್ಲ. ಆದರೆ ಪುಸ್ತಕದಲ್ಲಿ ಆ ಊಟವೇ ಇಲ್ಲ. ಚಿತ್ರದಲ್ಲಿ ಬೆಟ್ಟದ ಮೇಲಿನ ಸಂಕೇತದ ಬೆಂಕಿಯನ್ನು ಅವನ ಕಣ್ಣು ತಪ್ಪಿಸಿ ಹೊತ್ತಿಸಬೇಕಾಗುತ್ತದೆ. ಪುಸ್ತಕದಲ್ಲಿ ಗ್ಯಾಂಡಾಲ್ಫ್ ಊರು ತಲುಪುವ ಮೊದಲೇ ಆ ಬೆಂಕಿ ಉರಿಯುತ್ತಿರುತ್ತದೆ, ಡೆನೆಥಾರ್ ಸಹಾಯ ಕೇಳಿಯಾಗಿರುತ್ತದೆ. ನದಿದಂಡೆಯ ಓಸ್ಗಿಲಿಯಾಥ್‌ಗೆ ಮಗನನ್ನು ಕಳಿಸುವುದಕ್ಕೂ ಅಲ್ಲಿ ಯುದ್ಧದ ಒಂದು ಲೆಕ್ಕವಿದೆ: ನದಿ ದಾಟುವಾಗಲೇ ಶತ್ರುವಿಗೆ ಪೆಟ್ಟು ಬೀಳಬೇಕು. ಮಗ ಸೋತು ಹಿಂದೆ ಸರಿಯುವಾಗ ಕುದುರೆ ಪಡೆಯನ್ನು ಹೊರಗೆ ಬಿಟ್ಟವನೂ ಇದೇ ಅಪ್ಪ.

ಇದಕ್ಕಿಂತ ಮುಖ್ಯವಾದದ್ದು ಕಥೆ ಮುಗಿದ ಮೇಲಿನ ಅನುಬಂಧದಲ್ಲಿದೆ. ಅಲ್ಲಿಗೆ ಹೋಗುವ ಹೊತ್ತಿಗೆ ಬಹಳ ಜನ ಪುಸ್ತಕ ಮುಚ್ಚಿರುತ್ತಾರೆ. ನೀವೂ ಮುಚ್ಚಿದಿರೇನೋ, ಯಾಕೆಂದರೆ ನೀವು ಕಳಿಸಿದ ಪುಟಗಳಲ್ಲಿ ಥೊರೊಂಗಿಲ್ ಹೆಸರೇ ಇಲ್ಲ. ಡೆನೆಥಾರ್ ಯುವಕನಾಗಿದ್ದಾಗ ಅವನಪ್ಪ ಎಕ್ಥೇಲಿಯನ್ ಗೊಂಡೊರ್ ಆಳುತ್ತಿದ್ದ. ಎಲ್ಲಿಂದಲೋ ಬಂದ ಥೊರೊಂಗಿಲ್ ಎಂಬ ಸೇನಾನಿ ಊರಿನವರ ಮನಸ್ಸು ಗೆದ್ದ, ಉಂಬಾರ್‌ನ ಕಡಲ್ಗಳ್ಳರ ಹಡಗುಗಳನ್ನು ಸುಟ್ಟು ಬಂದ, ಎಕ್ಥೇಲಿಯನ್‌ಗೆ ಅಚ್ಚುಮೆಚ್ಚಾದ. ಹೆತ್ತ ಮಗ ಡೆನೆಥಾರ್‌ಗೆ ಜನರ ಮನಸ್ಸಿನಲ್ಲೂ ಅಪ್ಪನ ಮನಸ್ಸಿನಲ್ಲೂ ಎರಡನೇ ಸ್ಥಾನ. ಆ ಥೊರೊಂಗಿಲ್ ಬೇರೆ ಯಾರೂ ಅಲ್ಲ, ವೇಷ ಮರೆಸಿಕೊಂಡಿದ್ದ ಅರಗಾರ್ನ್. ಡೆನೆಥಾರ್‌ಗೆ ಇದು ತಿಳಿದಿತ್ತು, ಗ್ಯಾಂಡಾಲ್ಫ್ ಜೊತೆ ಸೇರಿ ತನ್ನ ಪಟ್ಟ ಕಿತ್ತುಕೊಳ್ಳುವ ಹೂಟ ಇದೆಂದು ಅವನು ಶಂಕಿಸಿದ್ದ ಎಂದು ಆಮೇಲೆ ಜನ ನಂಬಿದರಂತೆ. ಈಗ ಹೇಳಿ: ಇಂಥವನ ಕಿರಿಮಗ ಎಲ್ಲರನ್ನೂ ಬಿಟ್ಟು ಅದೇ ಗ್ಯಾಂಡಾಲ್ಫ್‌ನ ಹಿಂದೆ ಹೋದರೆ ಅಪ್ಪನಿಗೆ ಏನಾಗಿರಬೇಡ? ಎರಡನೆಯವನಾಗಿ ಬೆಳೆದವನೇ ಮಗನನ್ನು ಎರಡನೆಯವನನ್ನಾಗಿ ಮಾಡಿದ.

ಡೆನೆಥಾರ್‌ನ ಹೆಂಡತಿ ಫಿಂಡುಯಿಲಾಸ್ ತೀರಿಕೊಂಡಾಗ ಬೊರೊಮಿರ್‌ಗೆ 10, ಫರಾಮಿರ್‌ಗೆ 5 ವರ್ಷ. ಅಲ್ಲಿಂದಾಚೆ ಅವನು ಮಾತು ಕಮ್ಮಿ ಮಾಡಿದ, ಗೋಪುರ ಸೇರಿದ, ದೂರದ್ದನ್ನು ತೋರಿಸುವ ಪಲಾಂಟಿರ್ ಕಲ್ಲಿನಲ್ಲಿ ಒಬ್ಬನೇ ನೋಡುತ್ತಾ ಕೂತ. ಶತ್ರು ಸೌರಾನ್ ಅವನಿಗೆ ಸುಳ್ಳು ತೋರಿಸಲಾರ. ಹೆದರಿಸುವಂಥ ನಿಜವನ್ನು ಮಾತ್ರ ಆರಿಸಿ ತೋರಿಸಿದ. ಮುಪ್ಪಿನಲ್ಲಿ ಮೈ ಮೆತ್ತಗಾಗಬಾರದೆಂದು ನಿಲುವಂಗಿಯೊಳಗೆ ಉಕ್ಕಿನ ಕವಚ ತೊಟ್ಟು, ಕತ್ತಿ ಕಟ್ಟಿಕೊಂಡೇ ವರ್ಷಗಟ್ಟಲೆ ಮಲಗಿದವನು ಅವನು. ಗಾಯಗೊಂಡ ಫರಾಮಿರ್‌ನನ್ನು ಎತ್ತಿ ತಂದಾಗ ಅವನು ಆ ಗೋಪುರಕ್ಕೆ ಹತ್ತಿ ಇಳಿಯುತ್ತಾನೆ. ಬಂದು ಮಗನ ಪಕ್ಕ ಕೂತಾಗ ಸಾಯುತ್ತಿರುವ ಮಗನಿಗಿಂತ ಅಪ್ಪನ ಮುಖದಲ್ಲೇ ಸಾವಿನ ಕಳೆ ಹೆಚ್ಚು. ಹರಸದೆ ಕಳಿಸಿದೆನಲ್ಲ ಎಂದು ಕೊರಗುತ್ತಾನೆ. ಕೊನೆಗೆ ಅವನೇ ಮಗನಿಗಾಗಿ ಒಟ್ಟಿಸಿದ ಚಿತೆಯ ಬಳಿಯಿಂದ ಗ್ಯಾಂಡಾಲ್ಫ್ ಮಗನನ್ನು ಎತ್ತಿಕೊಂಡಾಗ, ಜ್ವರದಲ್ಲಿ ಫರಾಮಿರ್ ಅಪ್ಪನನ್ನು ಕರೆಯುತ್ತಾನೆ. ಡೆನೆಥಾರ್ ನಿದ್ದೆಯಿಂದ ಎಚ್ಚೆತ್ತವನಂತೆ ಅತ್ತುಬಿಡುತ್ತಾನೆ. ನಿಮ್ಮ ಪುಟಗಳಲ್ಲಿ ಈ ಅಳು ಎಲ್ಲಿ ಹೋಯಿತು?

ಹಾಗಂತ ಅವನು ಮಾಡಿದ್ದು ಸರಿ ಅನ್ನುತ್ತಿಲ್ಲ. ಉಸಿರಾಡುತ್ತಿರುವ ಮಗನನ್ನು ಸುಡಲು ಹೊರಟವನಿಗೆ ಮಾಫಿ ಇಲ್ಲ. ಗೃಹಪ್ರವೇಶದ ದಿನ ನಿಮ್ಮಪ್ಪ ಆಡಿದ್ದೂ ತಪ್ಪೇ. ಇಎಂಐ ಕಟ್ಟುವವನು ನೀವು, ಹೆಸರು ಇನ್ನೊಬ್ಬರಿಗೆ. ಕಾರಣ ಗೊತ್ತಾದರೆ ತಪ್ಪು ಸಣ್ಣದಾಗುವುದಿಲ್ಲ, ತಪ್ಪು ಮಾಡಿದವನು ಮಾತ್ರ ಮನುಷ್ಯನಾಗಿ ಕಾಣುತ್ತಾನೆ. ಪಾತ್ರವನ್ನು ಓದುವುದು ಅಂದರೆ ಅಷ್ಟು.

ಈಗ ನಿಮ್ಮ ಓದು ಸರಿಯಾ ತಪ್ಪಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ಸ್ವಂತ ನೋವಿನಿಂದ ಹುಟ್ಟಿದ ಓದನ್ನು ನಂಬಬಹುದೋ ಇಲ್ಲವೋ ಅಂತ ನೋಡಲು ನಾನೊಂದು ದಾರಿ ಹಿಡಿಯುತ್ತೇನೆ. ಪುಸ್ತಕ ನಿಮ್ಮ ವಿರುದ್ಧ ಮಾತಾಡುವ ಪುಟಗಳನ್ನು ನೀವೇ ಹುಡುಕಿ ತಂದಿದ್ದೀರಾ? ತಂದಿದ್ದರೆ ಅದು ವಿಮರ್ಶೆ. ನಿಮಗೆ ಬೇಕಾದ ಸಾಕ್ಷಿಯನ್ನಷ್ಟೇ ಕರೆದಿದ್ದರೆ ಅದು ವಕಾಲತ್ತು. ನಿಮ್ಮದು ಸದ್ಯಕ್ಕೆ ವಕಾಲತ್ತು, ಗೆಳೆಯನ ಕಿವಿಗೆ ತಾಗಿದ್ದೂ ಅದೇ. ಹೇಳಿದ ರೀತಿ ಒರಟಾಗಿತ್ತು, ಒಪ್ಪುತ್ತೇನೆ.

ಇನ್ನೊಂದು ಸಂಗತಿ, ನನ್ನ ಕಣ್ಣಿಗೆ ಮೊದಲು ಬಿದ್ದದ್ದು. ಎಲ್ಲರೂ ಕಡೆಗಣಿಸಿದ ಪಾತ್ರಕ್ಕೆ ನ್ಯಾಯ ಕೊಡುತ್ತೇನೆ ಅನ್ನುವ ನೀವು ಬೊರೊಮಿರ್‌ಗೆ ಒಂದು ಪ್ಯಾರಾ ಕೂಡ ಕೊಟ್ಟಿಲ್ಲ. ಅಪ್ಪನ ಪ್ರೀತಿ ಇದ್ದವನಿಗೆ ಕಷ್ಟವೇನು ಅಂತ ಬಿಟ್ಟಿರಾ? ರಿವೆಂಡೆಲ್‌ಗೆ ದಾರಿ ತಿಳಿಯದೆ 110 ದಿನ ಒಬ್ಬನೇ ಅಲೆದು ಬಂದವನು ಅವನು, ಕುದುರೆಯನ್ನೂ ನಡುದಾರಿಯಲ್ಲಿ ಕಳೆದುಕೊಂಡು. ಅಪ್ಪನ ಆಸೆಯನ್ನೆಲ್ಲ ಹೊತ್ತವನು. ಅದರ ಭಾರಕ್ಕೇ ಉಂಗುರದ ಆಸೆಗೆ ಬಿದ್ದ, ಆಮೇಲೆ ಇಬ್ಬರು ಹಾಬಿಟ್ ಹುಡುಗರನ್ನು ಕಾಯುತ್ತಾ ಸತ್ತ. ಫರಾಮಿರ್ ಅವನ ಮೇಲೆ ಎಂದೂ ಹೊಟ್ಟೆಕಿಚ್ಚುಪಡಲಿಲ್ಲ. ಅಣ್ಣ-ತಮ್ಮನ ನಡುವೆ ಚಿಕ್ಕಂದಿನಿಂದ ಬಹಳ ಪ್ರೀತಿ ಇತ್ತೆಂದು ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ರಾತ್ರಿ ಕಾವಲಿನಲ್ಲಿದ್ದಾಗ ನದಿಯಲ್ಲಿ ತೇಲಿ ಬಂದ ದೋಣಿಯ ಹತ್ತಿರ ನೀರಿಗಿಳಿದು ಹೋಗಿ ಅಣ್ಣನ ಮುಖ ನೋಡಿದವನು ಫರಾಮಿರ್.

ನಿಮ್ಮ ಕಾಗದದಲ್ಲೂ ಅಣ್ಣನಿಗೆ ಸಿಕ್ಕಿದ್ದು ಅರ್ಧ ಸಾಲು: “ಅವನೇನೂ ಕೆಟ್ಟವನಲ್ಲ ಬಿಡಿ.” ಅಂಗಡಿಯಲ್ಲಿ ಕೂರುವುದು ಅವನ ಆಸೆಯಾಗಿತ್ತೋ, ಬೇರೆ ಏನಾದರೂ ಓದಬೇಕೆಂದಿದ್ದನೋ, ದಿನವಿಡೀ ಅಪ್ಪನ ಜೊತೆ ಮೊಳೆ, ಬಣ್ಣ, ಪೈಪು ತೂಗಿ ಕೊಡುವ ಬದುಕು ಹೇಗಿರುತ್ತದೋ, ನೀವು ಯಾವತ್ತಾದರೂ ಕೇಳಿದ್ದೀರಾ? ಕೇಳದೇ ಇದ್ದರೆ ನಿಮ್ಮ ಮನೆಯಲ್ಲಿ ಕಡೆಗಣಿಸಲ್ಪಟ್ಟವರು ನೀವೊಬ್ಬರೇ ಅಂತ ಖಚಿತವಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ಪುಟಗಳನ್ನು ಅಪ್ಪನಿಗೆ ಯಾಕೆ ಕೊಡಬಾರದು ಅಂದೆನಲ್ಲ. ಗೊಂಡೊರ್‌ನ ಮಿನಾಸ್ ಟಿರಿಥ್ ನಗರ ಎಲ್ಲಿದೆ ಎಂದೇ ತಿಳಿಯದ ಹಿರಿಯರ ಕೈಗೆ ನಲವತ್ತು ಪುಟದ ಆರೋಪಪಟ್ಟಿ ಕೊಟ್ಟರೆ ಅವರು ಓದುವುದು ಒಂದೇ ವಿಷಯ: ಮಗ ನನ್ನನ್ನು ರಾಕ್ಷಸ ಮಾಡಿದ. ಹೇಳುವುದಿದ್ದರೆ ಬಾಯಲ್ಲಿ ಹೇಳಿ, ನೆಂಟರಿಲ್ಲದ ಹೊತ್ತಿನಲ್ಲಿ, “ಅಪ್ಪ, ಅವತ್ತು ಹಾಗಂದಿದ್ದು ನಂಗೆ ನೋವಾಯ್ತು” ಅಂತ. ಅಷ್ಟೇ. ಅವರು ಕ್ಷಮೆ ಕೇಳದಿರಬಹುದು. ಆ ತಲೆಮಾರಿನ ಗಂಡಸರಿಗೆ ಅದರ ಅಭ್ಯಾಸ ಕಮ್ಮಿ. ಮಾತು ತಿರುಗಿಸಿ ಊಟ ಆಯ್ತಾ ಅಂದಾರು. ಅದಕ್ಕೂ ಸಿದ್ಧರಾಗಿ ಹೋಗಿ. ನಿದ್ದೆ ಕೆಡುವಷ್ಟು, ಕೆಲಸ ಕೆಡುವಷ್ಟು ಇದು ಕಾಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬರಹವನ್ನು ಹರಿಯಬೇಡಿ. ಡೆನೆಥಾರ್ ಬಗ್ಗೆ ಹತ್ತು ಪುಟ, ಬೊರೊಮಿರ್ ಬಗ್ಗೆ ಹತ್ತು ಪುಟ ಸೇರಿಸಿ, ಅನುಬಂಧ ಓದಿದ ಮೇಲೆ. ಆಮೇಲೆ ಗೆಳೆಯರ ಮನೆಗೆ ಹೋಗಿ ಮತ್ತೆ ಓದಿ. ಅದಕ್ಕಿಂತ ಮುಂಚೆ ಈ ವಾರ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಅಣ್ಣನಿಗೊಂದು ಫೋನ್ ಮಾಡಿ.