ವಿಜಯನಗರವೂ ನವವೃಂದಾವನವೂ

ಫಾಲ್ಗುಣಮಾಸವು ಸಮೀಪಿಸಿತೆಂದರೆ ನಮ್ಮಲ್ಲಿ ಅನೇಕ ಕುಟುಂಬಗಳು ಆನೆಗೊಂದಿಯ ಯಾತ್ರೆಗೆ ಅಣಿಯಾಗುವುದು ವಾಡಿಕೆ. ಬಹುಳ ದ್ವಿತೀಯೆಯಂದು ಶ್ರೀಸುಧೀಂದ್ರತೀರ್ಥರ ಆರಾಧನೆ, ಚತುರ್ಥಿಯಂದು ಶ್ರೀವ್ಯಾಸರಾಜರ ಆರಾಧನೆ. ಎರಡೂ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿಯೇ ನೆರವೇರತಕ್ಕವು. ಹೋದ ಸಜ್ಜನರು ಬಂದದ್ದಾಯಿತೆಂದು ಹೊಳೆಯ ಆಚೆಗಿನ ಹಂಪೆಯನ್ನೂ ನೋಡಿಕೊಂಡು ಬರುವರು. ಆದರೆ ನಡುಗಡ್ಡೆಯಲ್ಲಿ ಭಕ್ತರಾಗಿದ್ದವರು ಹೊಳೆ ದಾಟುತ್ತಲೇ ಪ್ರವಾಸಿಗಳಾಗಿಬಿಡುವುದನ್ನು ನಾವು ಕಂಡಿದ್ದೇವೆ. ಇತ್ತ ಪ್ರದಕ್ಷಿಣೆ, ಅತ್ತ ಕಲ್ಲಿನ ರಥದ ಮುಂದೆ ನಿಂತು ಭಾವಚಿತ್ರ! ಇವೆರಡೂ ಒಂದೇ ಕ್ಷೇತ್ರವೆಂಬುದನ್ನು ವಾಚಕರ ಮನಸ್ಸಿಗೆ ತರುವುದೇ ಈ ಲೇಖನದ ಉದ್ದೇಶ.

ಈ ದೋಷ ನಮ್ಮಲ್ಲಿಯೂ ಬಹುಕಾಲ ಇದ್ದಿತು. ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳು ನ್ಯಾಯಾಮೃತದ ಹೆಸರನ್ನೆತ್ತಿದರೆ ಎರಡೂ ಕೈಗಳನ್ನು ಜೋಡಿಸುತ್ತಿದ್ದರು. ಕೃಷ್ಣದೇವರಾಯನ ಹೆಸರು ಕುಹಯೋಗದ ಪ್ರಸಂಗದಲ್ಲಲ್ಲದೆ ಬೇರೆಲ್ಲಿಯೂ ಕೇಳಿಬರುತ್ತಿರಲಿಲ್ಲ. ಮುಂದೆ ಬಿ.ಎ. ತರಗತಿಗೆ ಸೇರಿದಾಗ ಅಲ್ಲಿನ ಪಠ್ಯದಲ್ಲಿ ರಾಯನ ದಂಡಯಾತ್ರೆಗಳಿಗೆ ಪುಟಗಟ್ಟಲೆ ಸ್ಥಳವಿದ್ದು ಶ್ರೀವ್ಯಾಸರಾಜರಿಗೆ ಒಂದೇ ಒಂದು ವಾಕ್ಯವಿದ್ದಿತು. ಒಬ್ಬರ ಊರನ್ನು ಇನ್ನೊಬ್ಬರು ಅರಿಯದಂತೆ ಎರಡು ವಿಜಯನಗರಗಳು ನಮ್ಮ ತಲೆಯಲ್ಲಿ ಬೇರೆ ಬೇರೆಯಾಗಿಯೇ ಕುಳಿತಿದ್ದವು.

ಮೊದಲಿಗೆ ಕ್ಷೇತ್ರದ ಪ್ರಾಚೀನತೆಯನ್ನು ನೋಡೋಣ. ರಾಜಧಾನಿ ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ ಇದು ಪಂಪಾಕ್ಷೇತ್ರವಾಗಿತ್ತು. ಹಳಗನ್ನಡದ ಪಕಾರವು ಹಕಾರವಾಗುವ ನಿಯಮದಂತೆ ಪಾಲು ಹಾಲಾದ ಹಾಗೆ ಪಂಪೆಯು ಹಂಪೆಯಾಯಿತು. ಶ್ರೀಮದ್ರಾಮಾಯಣದ ಕಿಷ್ಕಿಂಧೆ ಇದೇ ಎಂಬ ನಂಬಿಕೆ ಇಲ್ಲಿಯ ಪ್ರತಿಯೊಂದು ಬೆಟ್ಟಕ್ಕೂ ಹೆಸರನ್ನು ಕೊಟ್ಟಿದೆ. ವಾಲಿಯು ಕಾಲಿಡಲಾರದ ಮತಂಗಪರ್ವತ, ಶ್ರೀರಾಮದೇವರು ಮಳೆಗಾಲವನ್ನು ಕಳೆದ ಮಾಲ್ಯವಂತ, ಸುಗ್ರೀವನ ಋಷ್ಯಮೂಕ, ಆಚೆಯ ದಡದಲ್ಲಿ ಅಂಜನಾದ್ರಿ, ಪಂಪಾಸರೋವರ. ವಾಯುದೇವರು ಹನುಮದ್ರೂಪದಿಂದ ಶ್ರೀರಾಮಚಂದ್ರನನ್ನು ಮೊದಲು ಕಂಡ ನೆಲವಿದು ಎಂದಮೇಲೆ ಮಾಧ್ವರಾದ ನಮಗೆ ಬೇರೆ ಮಾಹಾತ್ಮ್ಯವನ್ನು ಹೇಳಬೇಕಾಗಿಲ್ಲ. ಶ್ರೀವಿರೂಪಾಕ್ಷನ ಸನ್ನಿಧಿಯೂ ಸಾಮ್ರಾಜ್ಯಕ್ಕಿಂತ ಹಿಂದಿನದು.

ಇನ್ನು ನಮ್ಮ ಪರಂಪರೆಗೆ ಬರೋಣ. ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀಪದ್ಮನಾಭತೀರ್ಥರು, ಪೂರ್ವಾಶ್ರಮದಲ್ಲಿ ಶೋಭನಭಟ್ಟರೆಂದು ಗೋದಾವರೀತೀರದಲ್ಲಿ ಪ್ರಸಿದ್ಧರಾಗಿದ್ದ ಮಹಾಪಂಡಿತರು, ಈ ನಡುಗಡ್ಡೆಯಲ್ಲಿ ವೃಂದಾವನಸ್ಥರಾದರು. ಪರಂಪರೆಯ ಗಣನೆಯಂತೆ ಅದು 1324ನೆಯ ಇಸವಿ. ಸಮೀಪದ ಕಂಪಿಲಿಯ ರಾಜ್ಯವು ದೆಹಲಿಯ ಸೈನ್ಯಕ್ಕೆ ಸಿಕ್ಕಿ ನಾಶವಾದದ್ದು 1327ರಲ್ಲಿ. ಹರಿಹರ-ಬುಕ್ಕರು ವಿಜಯನಗರವನ್ನು ಸ್ಥಾಪಿಸಿದರೆನ್ನುವುದು 1336ರಲ್ಲಿ. ವಾಚಕರು ಈ ಮೂರು ಇಸವಿಗಳನ್ನು ಒಂದರ ಕೆಳಗೊಂದಾಗಿ ಬರೆದುಕೊಂಡು ನೋಡಬೇಕು. ರಾಜಧಾನಿಯ ಪಕ್ಕದಲ್ಲಿ ಯತಿಗಳು ನೆಲೆಸಿದರೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ವಾಸ್ತವದಲ್ಲಿ ಮೊದಲನೆಯ ವೃಂದಾವನದ ಎದುರಿನ ದಡದಲ್ಲಿ ಹನ್ನೆರಡು ವರ್ಷಗಳ ತರುವಾಯ ರಾಜಧಾನಿ ಎದ್ದುನಿಂತಿತು.

ಆ ರಾಜಧಾನಿಯ ವೈಭವವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಶಾಲೆಯ ಮಕ್ಕಳೂ ಬಲ್ಲರು. 1443ರಲ್ಲಿ ಬಂದ ಅಬ್ದುಲ್ ರಜಾಕನು ಏಳು ಸುತ್ತಿನ ಕೋಟೆಯನ್ನು ವರ್ಣಿಸಿದ್ದಾನೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ರೋಮ್ ನಗರದಷ್ಟು ದೊಡ್ಡದೆಂದು ಬರೆದಿದ್ದಾನೆ. ನಮಗೆ ಅದಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ಕಾಣುವುದು ಅರಸರ ಅಂಕಿತ. ತಾಮ್ರಶಾಸನದ ಶ್ಲೋಕಗಳೆಲ್ಲ ನಾಗರಿಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳಲ್ಲಿ ಒಪ್ಪವಿರುವುದು. ಶ್ರೀವೈಷ್ಣವರಲ್ಲಿ, ಮಾಧ್ವಯತಿಗಳಲ್ಲಿ ಭಕ್ತಿಯಿದ್ದ ತುಳುವ ಅರಸರೂ ಈ ಪದ್ಧತಿಯನ್ನು ಬಿಡಲಿಲ್ಲ. ತಾರತಮ್ಯವನ್ನು ಬಲ್ಲವರಿಗೆ ಇದರಲ್ಲಿ ಸಂಕೋಚಪಡುವಂಥದೇನೂ ಇಲ್ಲ. ರುದ್ರದೇವರು ಪರಮವೈಷ್ಣವರೆಂಬುದು ನಮ್ಮ ಸಿದ್ಧಾಂತವೇ ಆಗಿದೆ. ಹಂಪೆಗೆ ಹೋಗಿ ವಿರೂಪಾಕ್ಷನ ಗುಡಿಯನ್ನು ಹೊರಗಿನಿಂದಲೇ ನೋಡಿ ಹಿಂದಿರುಗುವ ಕೆಲವರು ಇದನ್ನು ಗಮನಿಸಬೇಕು.

ಶ್ರೀವ್ಯಾಸರಾಜರು ಬನ್ನೂರಿನಲ್ಲಿ ಅವತರಿಸಿ, ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರಿಂದ ಆಶ್ರಮವನ್ನೂ, ಮುಳುಬಾಗಿಲಿನ ಶ್ರೀಪಾದರಾಜರಿಂದ ವಿದ್ಯೆಯನ್ನೂ ಪಡೆದು, ಸಾಳುವ ನರಸಿಂಹನ ಕಾಲದಲ್ಲಿ ಚಂದ್ರಗಿರಿಯಲ್ಲಿದ್ದು, ತರುವಾಯ ವಿಜಯನಗರಕ್ಕೆ ಬಂದರು. ರಾಯನು ಅವರಿಗೆ ರತ್ನಾಭಿಷೇಕವನ್ನು ಮಾಡಿದನೆಂದು ಸೋಮನಾಥಕವಿಯ ‘ವ್ಯಾಸಯೋಗಿಚರಿತ’ದಲ್ಲಿ ವರ್ಣನೆಯಿದೆ. ಈ ಚಂಪೂಕಾವ್ಯವು 1926ರಲ್ಲಿ ಬೆಂಗಳೂರಿನಲ್ಲಿ ಮುದ್ರಿತವಾಯಿತು. ಕುಹಯೋಗದಂದು ಸಿಂಹಾಸನವನ್ನೇರಿ ರಾಜ್ಯಕ್ಕೆ ಒದಗಿದ್ದ ಗಂಡಾಂತರವನ್ನು ಪರಿಹರಿಸಿದ್ದು ಪರಂಪರೆಯಿಂದ ಬಂದ ಕಥೆ. ‘ವ್ಯಾಸರಾಯ’ರೆಂಬ ಹೆಸರಿಗೆ ಅದನ್ನೇ ಕಾರಣವಾಗಿ ಹೇಳುವರು. ಶಾಸನವನ್ನೇ ಕೇಳುವವರಿಗೆ ವಿಠಲದೇವಾಲಯದಲ್ಲಿ ಉತ್ತರವುಂಟು. ಅಚ್ಯುತರಾಯನ ಕಾಲದ 1532ರ ಶಾಸನವೊಂದು ಆ ದೇವಾಲಯದ ಆವರಣದಲ್ಲಿ ಶ್ರೀವ್ಯಾಸತೀರ್ಥರು ಯೋಗವರದನರಸಿಂಹನನ್ನು ಪ್ರತಿಷ್ಠಾಪಿಸಿದ್ದನ್ನು ತಿಳಿಸುತ್ತದೆ.

ಇದೇ ನಗರದ ಗದ್ದಲದ ನಡುವೆ ನ್ಯಾಯಾಮೃತ, ತರ್ಕತಾಂಡವ, ತಾತ್ಪರ್ಯಚಂದ್ರಿಕಾ ಎಂಬ ಮೂರು ಗ್ರಂಥಗಳನ್ನು ರಚಿಸಿದ ಆ ಮಹನೀಯರು ನೆಲೆಸಿದರು, ಬೋಧಿಸಿದರು. ನ್ಯಾಯಾಮೃತಕ್ಕೆ ಉತ್ತರವಾಗಿಯೇ ಮಧುಸೂದನಸರಸ್ವತಿಗಳು ಅದ್ವೈತಸಿದ್ಧಿಯನ್ನು ಬರೆದರೆಂದರೆ ಅದರ ತೂಕ ತಿಳಿಯುವುದು. ಇತ್ತ ಶ್ರೀಪುರಂದರದಾಸರೂ ಶ್ರೀಕನಕದಾಸರೂ ಅದೇ ಗುರುಗಳ ಸನ್ನಿಧಿಯಿಂದ ಕನ್ನಡದ ಪದಗಳನ್ನು ಬೀದಿಗೆ ಒಯ್ದರು.

ಚಕ್ರತೀರ್ಥದ ಬಳಿ ಕೋದಂಡರಾಮದೇವರ ಗುಡಿಯ ಮೇಲುಗಡೆ ಬಂಡೆಯ ಮೇಲಿರುವ ಯಂತ್ರೋದ್ಧಾರಕ ಪ್ರಾಣದೇವರನ್ನು ನೋಡದ ಮಾಧ್ವರಿಲ್ಲ. ಶ್ರೀವ್ಯಾಸರಾಜರು ಇದ್ದಿಲಿನಿಂದ ಬರೆದ ಹನುಮಂತನು ಹನ್ನೆರಡು ಸಲ ಪುಟಿದು ಮಾಯವಾಗಲು, ಒಂದರ ಬಾಲವನ್ನೊಂದು ಹಿಡಿದ ಹನ್ನೆರಡು ಕಪಿಗಳ ವಲಯದೊಳಗೆ ಷಟ್ಕೋಣಯಂತ್ರವನ್ನು ರಚಿಸಿ ನಿಲ್ಲಿಸಿದರೆಂದು ಐತಿಹ್ಯ. ಪದ್ಮಾಸನದಲ್ಲಿ ಕುಳಿತು ಧ್ಯಾನಿಸುವ ಹನುಮಂತನ ರೂಪವು ಅಪೂರ್ವವಾದುದು. ಅವರು ನಾನಾ ಕಡೆಗಳಲ್ಲಿ 732 ಪ್ರಾಣದೇವರನ್ನು ಪ್ರತಿಷ್ಠಾಪಿಸಿದರೆಂದು ಪ್ರತೀತಿಯಿದೆ. ನಮ್ಮ ತೀರ್ಥರೂಪರು ಆಜೀವಪರ್ಯಂತ ಅರ್ಚಕವೃತ್ತಿಯನ್ನು ಮಾಡಿದವರು. ಅವರು ಈ ಮೂರ್ತಿಗಳ ವಿಷಯದಲ್ಲಿ ಗಮನಿಸಿದ್ದು ಬೇರೊಂದು ಸಂಗತಿ. ಇವುಗಳಿಗೆ ದೊಡ್ಡ ಗೋಪುರವಿಲ್ಲ, ಭಂಡಾರವಿಲ್ಲ, ಒಬ್ಬ ಅರ್ಚಕ, ಒಂದು ತಂಬಿಗೆ ನೀರು, ಸ್ವಲ್ಪ ಎಣ್ಣೆಯಿದ್ದರೆ ನಿತ್ಯಪೂಜೆ ನಡೆದುಹೋಗುವುದು ಎನ್ನುತ್ತಿದ್ದರು. ಅರ್ಚಕರ ಲೆಕ್ಕಾಚಾರವೆಂದು ಆಗ ನಾವು ನಕ್ಕಿದ್ದೆವು.

ಈ ಮಾತಿನ ಬೆಲೆ 1565ರಲ್ಲಿ ತಿಳಿಯುತ್ತದೆ. ಆ ವರ್ಷದ ಜನವರಿ 23ರಂದು ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯನು ಹತನಾದನು. ಅವನ ತಮ್ಮ ತಿರುಮಲರಾಯನು ಭಂಡಾರದೊಡನೆ ಪೆನುಗೊಂಡೆಗೆ ಹೊರಟನು. ಕಾವಲಿಲ್ಲದ ನಗರವು ತಿಂಗಳುಗಟ್ಟಲೆ ಲೂಟಿಗೆ ಒಳಗಾಯಿತು. ಪಂಚಾಂಗದ ಪ್ರಕಾರ ಅದು ರಕ್ತಾಕ್ಷಿ ಸಂವತ್ಸರ. ಶ್ರೀಪುರಂದರದಾಸರು ಹರಿಪಾದವನ್ನು ಸೇರಿದ್ದೂ ಅದೇ ರಕ್ತಾಕ್ಷಿಯ ಪುಷ್ಯ ಬಹುಳ ಅಮಾವಾಸ್ಯೆಯಂದು. ಇಸವಿಯಲ್ಲಿ 1564 ಎಂದು ಬರೆಯುವ ರೂಢಿಯಿರುವುದರಿಂದ ಈ ಸಾಮೀಪ್ಯವು ಅನೇಕರ ಗಮನಕ್ಕೆ ಬಂದಿಲ್ಲ.

ಅರಸನ ಬೊಕ್ಕಸದಿಂದ ನಡೆಯುತ್ತಿದ್ದ ದೇವಾಲಯಗಳ ಗತಿಯನ್ನು ನೋಡಿರಿ. ಉದಯಗಿರಿಯ ವಿಜಯದ ಗುರುತಾಗಿ ಕೃಷ್ಣದೇವರಾಯನು ತಂದು 1515ರಲ್ಲಿ ಪ್ರತಿಷ್ಠಾಪಿಸಿದ ಬಾಲಕೃಷ್ಣನು ಭಿನ್ನನಾಗಿ ಇಂದು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದ್ದಾನೆ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ಸುಮಾರು 22 ಅಡಿ ಎತ್ತರದ ನರಸಿಂಹಮೂರ್ತಿಯನ್ನು ಜನರು ಉಗ್ರನರಸಿಂಹನೆನ್ನುವರು. ಆದರೆ ಅದು ಲಕ್ಷ್ಮೀನರಸಿಂಹ. ತೊಡೆಯ ಮೇಲಿನ ದೇವಿಯು ಹೋಗಿ, ಸ್ವಾಮಿಯ ಬೆನ್ನನ್ನು ಬಳಸಿದ ಆಕೆಯ ಕೈ ಮಾತ್ರ ಉಳಿದಿದೆ. ಹಿಂಬದಿಗೆ ಹೋಗಿ ನೋಡಿದವರ ಕಣ್ಣು ಒದ್ದೆಯಾಗದಿರದು. ರಾಯನ ರಾಣಿಯರಾದ ತಿರುಮಲದೇವಿ-ಚಿನ್ನಾದೇವಿಯರು 1513ರಲ್ಲಿ ಗೋಪುರಗಳನ್ನು ಎತ್ತಿಸಿದ ವಿಠಲದೇವಾಲಯವು ಬರಿದಾಯಿತು. 2017ರಿಂದ 50 ರೂಪಾಯಿಯ ನೋಟಿನ ಮೇಲೆ ಎಲ್ಲರ ಕೈಯಲ್ಲೂ ಓಡಾಡುತ್ತಿರುವ ಕಲ್ಲಿನ ರಥವು ವಾಸ್ತವದಲ್ಲಿ ಅಲ್ಲಿಯ ಗರುಡದೇವರ ಗುಡಿ. ಮೇಲಿದ್ದ ಇಟ್ಟಿಗೆಯ ಶಿಖರ ಈಗಿಲ್ಲ.

ಇತ್ತ ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ಚೈತ್ರದ ರಥೋತ್ಸವ ಇಂದಿಗೂ ನಡೆಯುತ್ತಿದೆ. ಬಂಡೆಯ ಮೇಲಿನ ಪ್ರಾಣದೇವರು ಹಾಗೆಯೇ ಉಳಿದರು. ನಡುಗಡ್ಡೆಯೂ ಹಾಗೆಯೇ. ನಗರವು ಹಾಳಾಗಿ ಅರ್ಧ ಶತಮಾನಕ್ಕೂ ಮೇಲಾದಮೇಲೆ, 1623ರಲ್ಲಿ, ಶ್ರೀರಾಘವೇಂದ್ರಸ್ವಾಮಿಗಳ ಗುರುಗಳಾದ ಶ್ರೀಸುಧೀಂದ್ರತೀರ್ಥರು ಅಲ್ಲಿಯೇ ವೃಂದಾವನಸ್ಥರಾದರು. ಆಗ ಎದುರು ದಡದಲ್ಲಿ ಅರಸನಿರಲಿಲ್ಲ, ಆಸ್ಥಾನವಿರಲಿಲ್ಲ, ಛತ್ರಚಾಮರಗಳಿರಲಿಲ್ಲ. 1324ರಿಂದ 1623ರ ವರೆಗಿನ ಮುನ್ನೂರು ವರ್ಷಗಳ ಯತಿಪರಂಪರೆಯನ್ನು, ನಡುವೆ 1539ರ ಶ್ರೀವ್ಯಾಸರಾಜರನ್ನು, ಒಂದೇ ಪ್ರದಕ್ಷಿಣೆಯಲ್ಲಿ ಸುತ್ತಿಬರಬಹುದು. ಸಾಮ್ರಾಜ್ಯದ ಹುಟ್ಟೂ ಅಳಿವೂ ಆ ಪ್ರದಕ್ಷಿಣೆಯ ಒಳಗೇ ಅಡಗಿಹೋಗುತ್ತವೆ.

ಆದರೆ ನಡುಗಡ್ಡೆಗೆ ಏನೂ ಆಗದೆಂದು ನಿಶ್ಚಿಂತರಾಗುವಂತೆಯೂ ಇಲ್ಲ. 2019ರ ಜುಲೈ 17ರ ರಾತ್ರಿ, ವ್ಯಾಸಪೂರ್ಣಿಮೆಯ ಮರುದಿನ, ನಿಧಿಯ ಆಸೆಗೆ ಬಿದ್ದವರು ಶ್ರೀವ್ಯಾಸರಾಜರ ವೃಂದಾವನವನ್ನೇ ಕೆಡವಿದರು. ಸುಲ್ತಾನರ ಸೈನ್ಯ ದಾಟಿಹೋದಮೇಲೂ ನಿಂತಿದ್ದ ಕಲ್ಲುಗಳು! ಮೂರು ಗ್ರಂಥಗಳನ್ನು ಬಿಟ್ಟುಹೋದ ಸಂನ್ಯಾಸಿಗಳ ಬಳಿ ಚಿನ್ನವನ್ನು ಹುಡುಕಿದ ಮೂಢತನಕ್ಕೆ ಏನೆನ್ನಬೇಕು? ಆ ಬೆಳಗಿನ ಸುದ್ದಿಯನ್ನು ಕೇಳಿದಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲು ಯಾರಿಗೂ ಮನಸ್ಸಾಗಲಿಲ್ಲ. ಆದರೆ ಎರಡು ದಿನಗಳು ತುಂಬುವುದರೊಳಗೆ, ಬೇರೆ ಬೇರೆ ಮಠಗಳ ಯತಿಗಳೂ ಶಿಷ್ಯರೂ ಒಂದಾಗಿ ಸೇರಿ ವೃಂದಾವನವನ್ನು ಪುನಃ ನಿಲ್ಲಿಸಿದರು. ಆ ಸ್ಥಳದ ಕುರಿತು ನಮ್ಮ ನಮ್ಮಲ್ಲೇ ಇರುವ ವ್ಯಾಜ್ಯಗಳನ್ನು ಬಲ್ಲವರಿಗೆ ಆ ದೃಶ್ಯದ ಅರ್ಥ ಹೆಚ್ಚಾಗಿ ತಿಳಿಯುವುದು. ಅಂದು ಕಲ್ಲು ಹೊತ್ತವರನ್ನು ಯಾವ ಮಠದವರೆಂದು ಯಾರೂ ಕೇಳಲಿಲ್ಲ.

ಯಾತ್ರೆಗೆ ಹೊರಡುವ ಕುಟುಂಬಗಳಿಗೆ ಎರಡು ಮಾತು. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ನಡುಗಡ್ಡೆಗೆ ಹೋಗಲಾಗದು. ಕಾರ್ತಿಕ ಬಹುಳ ಚತುರ್ದಶಿಯ ಶ್ರೀಪದ್ಮನಾಭತೀರ್ಥರ ಆರಾಧನೆ ಅಥವಾ ಫಾಲ್ಗುಣದ ಆರಾಧನೆಗಳು ಅನುಕೂಲ. ಮೊದಲು ಶ್ರೀರಂಗನಾಥನನ್ನೂ ಅವತಾರತ್ರಯದ ಪ್ರಾಣದೇವರನ್ನೂ ಒಳಗೊಂಡು ನವವೃಂದಾವನದ ಸೇವೆಯನ್ನು ಮುಗಿಸಿ, ಆಮೇಲೆ ಆಚೆಯ ದಡದಲ್ಲಿ ವಿಠಲದೇವಾಲಯಕ್ಕೆ ಹೋಗಬೇಕು. ಕಲ್ಲಿನ ರಥವನ್ನು ನೋಡಿ ಹಿಂದಿರುಗದೆ ಹೊಳೆಯಂಚಿನ ಪುರಂದರಮಂಟಪದಲ್ಲಿ ಕುಳಿತು ಮಕ್ಕಳಿಂದ ಒಂದು ದೇವರನಾಮವನ್ನಾದರೂ ಹೇಳಿಸಬೇಕು. ಅಲ್ಲಿಂದ ಹೊಳೆಯ ಪಕ್ಕದ ದಾರಿಯಲ್ಲಿ ಕೋದಂಡರಾಮ, ಯಂತ್ರೋದ್ಧಾರಕ, ಕೊನೆಗೆ ವಿರೂಪಾಕ್ಷ.

ತುಳಸಿಯನ್ನು ಮನೆಯಿಂದಲೇ ಒಯ್ಯುವುದು ಒಳ್ಳೆಯದು. ನಮ್ಮ ತಾಯಿಯವರು ಒದ್ದೆ ಬಟ್ಟೆಯಲ್ಲಿ ಸುತ್ತಿ ಹತ್ತು ಕಟ್ಟುಗಳನ್ನು ಕೊಡುತ್ತಿದ್ದರು. ಒಂಬತ್ತು ವೃಂದಾವನಗಳಿಗೆ ಒಂಬತ್ತು. ಹತ್ತನೆಯದು ಏತಕ್ಕೆಂಬುದು ಬಾಲ್ಯದಲ್ಲಿ ನಮಗೆ ಗೊತ್ತಿರಲಿಲ್ಲ. ವಿಠಲದೇವಾಲಯದ ಬರಿದಾದ ಗರ್ಭಗೃಹದ ಮುಂದೆ ತೀರ್ಥರೂಪರು ಅದನ್ನು ಹೊಸ್ತಿಲ ಮೇಲಿಟ್ಟು ನಮಸ್ಕರಿಸಿದಾಗ, ಒಳಗೆ ದೇವರೇ ಇಲ್ಲವಲ್ಲ ಎಂದು ಕೇಳಿದೆವು. “ವಿಗ್ರಹ ಇಲ್ಲ ಅನ್ನು ಮಗು, ದೇವರು ಇಲ್ಲ ಅನ್ನಬಾರದು” ಎಂದು ಹೇಳಿ, ಎದ್ದು, ಹೊಳೆಯ ದಾರಿಯನ್ನು ಹಿಡಿದರು. ಈಗ ಹತ್ತು ಕಟ್ಟುಗಳನ್ನು ಕಟ್ಟುವವರು ನಮ್ಮ ಮನೆಯವರು.